ತೋಟದ ಕೆಲಸದ ನಡುವೆ ದೇವರ ಸನ್ನಿಧಿ: ನಾನು ರೂಢಿಸಿಕೊಂಡ ಬಗೆ

ಬೈಬಲಿನ 23ನೇ ಕೀರ್ತನೆ ಬಾಯಿಪಾಠ ಇರುವವರು ಒಂದು ಸಂಗತಿ ಗಮನಿಸಿರಬಹುದು. ಮೊದಲ ಮೂರು ವಚನಗಳಲ್ಲಿ ದಾವೀದ ದೇವರನ್ನು ‘ಆತನು’ ಎನ್ನುತ್ತಾನೆ. ನಾಲ್ಕನೆಯದರಲ್ಲಿ ಕಾರ್ಗತ್ತಲಿನ ಕಣಿವೆ ಎದುರಾದ ಕೂಡಲೇ ಮಾತು ಹೊರಳುತ್ತದೆ: ‘ನೀನು ಹತ್ತಿರವಿರುವದರಿಂದ ಕೇಡಿಗೆ ಹೆದರೆನು.’ ಅಲ್ಲಿಯವರೆಗೆ ದೇವರ ಬಗ್ಗೆ ಮಾತಾಡುತ್ತಿದ್ದವನು ಈಗ ದೇವರೊಡನೆ ಮಾತಾಡುತ್ತಿದ್ದಾನೆ. ನನ್ನ ಅಭ್ಯಾಸವೆಲ್ಲ ಈ ಹೊರಳುವಿಕೆಯೇ. ದಿನದಲ್ಲಿ ಕೆಲವು ಸಲ, ಕೈಯಲ್ಲಿ ಕೆಲಸ ಇರುವಾಗಲೇ, ‘ಆತನು’ ಬಿಟ್ಟು ‘ನೀನು’ ಅನ್ನುವುದು. ಅದಕ್ಕೆ ಮೈ ಜುಮ್ಮೆನ್ನಬೇಕಿಲ್ಲ, ಕಣ್ಣು ತುಂಬಬೇಕಿಲ್ಲ. ದೂರ ಇರುವವನನ್ನು ಕರೆದು ತರುವ ಕೆಲಸವೂ ಇದಲ್ಲ. ಆತನು ನಮ್ಮಲ್ಲಿ ಒಬ್ಬನಿಗೂ ದೂರವಾದವನಲ್ಲ ಎಂದು ಪೌಲನು ಅಥೇನೆಯಲ್ಲಿ ಹೇಳಿದ್ದು (ಅಪೊಸ್ತಲರ ಕೃತ್ಯಗಳು 17:27) ಕ್ರೈಸ್ತರಲ್ಲದ ಜನರಿಗೆ. ಅವರಿಗೇ ಅದು ನಿಜವಾದರೆ ಕೊಡಗಿನ ಅಮ್ಮತ್ತಿ ಕಡೆಯ ರೊಬಸ್ಟಾ ಕಾಫಿ ತೋಟದಲ್ಲೂ ನಿಜವೇ.

ಮೊದಲು ಬೇಕಾದದ್ದು ಒಂದು ವಾಕ್ಯ. ಒಂದೇ ಉಸಿರಿಗೆ ಮುಗಿಯಬೇಕು, ಅದರಲ್ಲಿ ‘ನೀನು’ ಇರಬೇಕು, ಬೇಡಿಕೆ ಇರಬಾರದು. ಬೇಡಿಕೆ ಸೇರಿದರೆ ಮನಸ್ಸು ಕೂಡಲೇ ಚಿಂತೆಗಳ ಪಟ್ಟಿಗೆ ಜಾರುತ್ತದೆ: ಮಗಳ ಫೀಸು, ಬ್ಯಾಂಕಿನ ಕಂತು, ಕಾಫಿಗೆ ಬೀಳುವ ಕಾಯಿಕೊರಕ ಹುಳು. ಬೇಡಿಕೊಳ್ಳುವುದಕ್ಕೆ ಬೇರೆ ಹೊತ್ತಿದೆ. ‘ನೀನು ಹತ್ತಿರವಿದ್ದೀ’ ಸಾಕು. ಯಜಮಾನಿಯಿಂದ ಓಡಿಹೋದ ದಾಸಿ ಹಾಗರಳು ಅರಣ್ಯದಲ್ಲಿ ದೇವರಿಗಿಟ್ಟ ಹೆಸರಿನಿಂದ ಬಂದ ‘ನೀನು ನನ್ನನ್ನು ನೋಡುವ ದೇವರು’ (ಆದಿಕಾಂಡ 16:13) ಕೂಡ ಚೆನ್ನಾಗಿ ಕೂರುತ್ತದೆ. ಬಾಸೆಲ್ ಮಿಶನ್ ಕಾಲದಿಂದ ಬಂದ ಜರ್ಮನ್ ರಾಗದ ಗೀತೆಗಳ ಸಾಲುಗಳು ನನಗೆ ಬಲು ಇಷ್ಟ, ಆದರೆ ಈ ಕೆಲಸಕ್ಕೆ ಅವು ಉದ್ದ. ಅರ್ಧ ಸಾಲು ಆಗುವಷ್ಟರಲ್ಲಿ ಯಾರಾದರೂ ಕರೆದಿರುತ್ತಾರೆ. ವಾಕ್ಯವನ್ನು ದಿನಕ್ಕೊಂದರಂತೆ ಬದಲಾಯಿಸಬೇಡಿ. ಒಂದು ಹಂಗಾಮಿಗೆ ಒಂದು. ತಾನಾಗಿ ನಾಲಿಗೆಗೆ ಬರಲು ವಾರಗಳು ಹಿಡಿಯುತ್ತವೆ, ಬರತೊಡಗಿದಾಗ ಬದಲಾಯಿಸಿದರೆ ಮತ್ತೆ ಮೊದಲಿನಿಂದ.

ಎರಡನೆಯದು, ಆ ವಾಕ್ಯವನ್ನು ಯಾವುದಕ್ಕೆ ಕಟ್ಟಬೇಕು ಅನ್ನುವುದು. ಹೆಚ್ಚಿನವರ ಅಭ್ಯಾಸ ನಿಂತುಹೋಗುವುದು ಇಲ್ಲೇ. ಮೊಬೈಲ್ ಅಲಾರಾಂಗೆ ಕಟ್ಟಿದರೆ ಅದು ಕೈ ಖಾಲಿ ಇಲ್ಲದಾಗಲೇ ಹೊಡೆಯುತ್ತದೆ. ಆರಿಸುತ್ತೇವೆ, ಸ್ವಲ್ಪ ದಿನಕ್ಕೆ ಆರಿಸುವುದೇ ರೂಢಿಯಾಗುತ್ತದೆ. ಮೊಬೈಲ್ ಕೈಗೆ ಬಂದಮೇಲೆ ವಾಟ್ಸಾಪ್ ನೋಡದೆ ಇಡುವವರೂ ಕಡಿಮೆ. ಮನಸ್ಸಿನ ಸ್ಥಿತಿಗೆ ಕಟ್ಟಿದರೆ, ಅಂದರೆ ‘ಬೇಸರವಾದಾಗ ಹೇಳುತ್ತೇನೆ’ ಅಂದುಕೊಂಡರೆ, ಬೇಸರವಾದಾಗಲೇ ಅದು ನೆನಪಾಗುವುದಿಲ್ಲ. ಕೈ ಮಾಡುವ ಕೆಲಸಕ್ಕೆ ಕಟ್ಟಬೇಕು. ಆ ಕೆಲಸ ದಿನಕ್ಕೆ ಐದರಿಂದ ಹತ್ತು ಸಲ ಬರಬೇಕು, ಅದಕ್ಕೊಂದು ಸ್ಪಷ್ಟ ಆರಂಭ ಇರಬೇಕು.

ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಣ್ಣನ್ನು ಸುಮಾರು 8 ಸೆಂ.ಮೀ. ದಪ್ಪಕ್ಕೆ ಹರಡಿದಮೇಲೆ ಗಂಟೆಗೊಮ್ಮೆಯಾದರೂ ಕೈಯಾಡಿಸಬೇಕು, ಇಲ್ಲದಿದ್ದರೆ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ. ಒಳ್ಳೆ ಬಿಸಿಲಿದ್ದರೆ ಒಣಗಲು 12ರಿಂದ 15 ದಿನ. ಪ್ರತಿ ಸಲ ಕಾಫಿ ಎಳೆಯುವ ಹಲಗೆಯ ಹಿಡಿಗೆ ಕೈ ಹಾಕುವಾಗ ವಾಕ್ಯ ಹೇಳಿಕೊಳ್ಳುತ್ತೇನೆ. ಶುರುವಿನಲ್ಲೇ, ಎಳೆಯುತ್ತಾ ಎಳೆಯುತ್ತಾ ಅಲ್ಲ. ಎಳೆಯುವಾಗ ಗಮನ ಕಾಫಿಯ ಮೇಲಿರಲಿ. ಬೆಳಿಗ್ಗೆಯಿಂದ ಸಂಜೆ ಟಾರ್ಪಾಲು ಹೊದೆಸುವವರೆಗೆ ಹೀಗೆ ಏಳೆಂಟು ಸಲ ದೇವರ ಕಡೆ ಮುಖ ಮಾಡಿದಂತಾಗುತ್ತದೆ. ಮುಷ್ಟಿಯಷ್ಟು ತೆಗೆದು ಅಲುಗಾಡಿಸಿದಾಗ ಗಲಗಲ ಎನ್ನುವಷ್ಟು ಕಾಫಿ ಒಣಗುವ ಹೊತ್ತಿಗೆ ವಾಕ್ಯವೂ ಒಂದಿಷ್ಟು ಬೇರು ಬಿಟ್ಟಿರುತ್ತದೆ.

ಕಾಳುಮೆಣಸಿನ ಕೊಯ್ಲಿನಲ್ಲಿ ಮಾತ್ರ ಎಚ್ಚರ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆ ಹೇಳಿಕೊಳ್ಳಿ, ಮೇಲೆ ಹತ್ತಿದಮೇಲೆ ಬೇಡ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿನಲ್ಲಿ ಪದೇಪದೇ ಕೇಳುತ್ತೇವೆ. ಮೇಲಿರುವಾಗ ತಂತಿ ಎಲ್ಲಿದೆ ಎಂದು ನೋಡುವುದೇ ಆ ಹೊತ್ತಿನ ಭಕ್ತಿ.

ಮನೆಯೊಳಗೆ ನನ್ನ ಜಾಗ ಬೆಳಗಿನ ಒಲೆ. ಬೆಲ್ಲದ ಕಾಫಿಗೆ ನೀರು ಕುದಿಯುವಷ್ಟರಲ್ಲಿ ಯಾತ್ರಾಗೀತೆಗಳಲ್ಲಿ ಒಂದನ್ನು ಓದುತ್ತೇನೆ. 120ರಿಂದ 134ರವರೆಗಿನ ಈ ಹದಿನೈದು ಕೀರ್ತನೆಗಳು ಕೊಯ್ಲಿನ ದಿನಗಳಿಗೆ ಸರಿಯಾದ ಅಳತೆ: 132 ಒಂದು 18 ವಚನದ್ದು, ಉಳಿದ ಯಾವುದೂ ಒಂಬತ್ತನ್ನು ಮೀರುವುದಿಲ್ಲ. 131, 133, 134 ಮೂರು ಮೂರೇ ವಚನ. 132 ಬರುವ ದಿನವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬಹುದು. ದಿನವನ್ನು ಮೂರು ಕಡೆ ಗಂಟು ಹಾಕುವುದನ್ನು ಕಥೋಲಿಕರಿಂದ ಕಲಿಯಬೇಕು. ಅವರ ತ್ರಿಕಾಲ ಪ್ರಾರ್ಥನೆ ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ. ನಮ್ಮ ಸಭೆಯವರಿಗೆ ಇದು ಪರರ ಪದ್ಧತಿ ಅನ್ನಿಸಿದರೆ ದಾನಿಯೇಲನೂ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ ಎಂದು ನೆನಪಿಸಿಕೊಳ್ಳಲಿ (ದಾನಿಯೇಲ 6:10).

ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ನೆಹೆಮೀಯನ ರೀತಿ. ಅವನು ಪಾರಸಿಯ ಅರಸನ ಪಾನಸೇವಕ. ‘ನಿನ್ನ ಅಪೇಕ್ಷೆ ಏನು’ ಎಂದು ಅರಸ ಕೇಳಿದ. ನೆಹೆಮೀಯ ಪರಲೋಕದ ದೇವರನ್ನು ಪ್ರಾರ್ಥಿಸಿ ಉತ್ತರ ಕೊಟ್ಟ (ನೆಹೆಮೀಯ 2:4-5). ಪ್ರಶ್ನೆಗೂ ಉತ್ತರಕ್ಕೂ ನಡುವಿನ ಪ್ರಾರ್ಥನೆ ಅದು. ಏನು ಹೇಳಿದನೆಂದು ಬರೆದಿಲ್ಲ, ಬರೆಯುವಷ್ಟು ಉದ್ದವೂ ಇದ್ದಿರಲಾರದು. ಕಾಫಿ ವ್ಯಾಪಾರಿ ರೇಟು ಹೇಳಿ ನಮ್ಮ ಮುಖ ನೋಡುವಾಗ, ಬೇಲಿ ವಿಚಾರಕ್ಕೆ ಪಕ್ಕದ ತೋಟದವರು ದನಿ ಏರಿಸಿದಾಗ, ಅಷ್ಟೇ ಜಾಗ ಸಿಗುವುದು. ಹಲಗೆಯ ಹಿಡಿಯ ಬಳಿ ವಾಕ್ಯ ರೂಢಿಯಾಗಿದ್ದರೆ ಇಲ್ಲಿಯೂ ಬರುತ್ತದೆ, ಇಲ್ಲದಿದ್ದರೆ ಬಾಯಿಗೆ ಬರುವುದೇ ಬೇರೆ.

ಸಂಜೆಯದು ಹಿಂತಿರುಗಿ ನೋಡುವ ಹತ್ತು ನಿಮಿಷ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಸತ್ತು ಎದ್ದುಬಂದ ಯೇಸುವಿನ ಜೊತೆಯಲ್ಲೇ ನಡೆದರೂ ಗುರುತಿಸಲಿಲ್ಲ. ರೊಟ್ಟಿ ಮುರಿದಾಗ ತಿಳಿಯಿತು, ದಾರಿಯುದ್ದಕ್ಕೂ ಹೃದಯ ಕುದಿದದ್ದು ಆಮೇಲೆ ನೆನಪಾಯಿತು (ಲೂಕ 24). ಹತ್ತಿರವಿದ್ದದ್ದು ಬಹಳ ಸಲ ಗೊತ್ತಾಗುವುದೇ ಹೀಗೆ, ಹೊತ್ತು ದಾಟಿದಮೇಲೆ. 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಈ ಆತ್ಮಶೋಧನೆಗೆ ಐದು ಹಂತ ಹಾಕಿಕೊಟ್ಟರು. ದಣಿದ ಮೈಗೆ ನಾನು ಮೂರು ಮಾಡಿಕೊಂಡಿದ್ದೇನೆ. ಇವತ್ತು ನಾನು ಸಂಪಾದಿಸದೆ ಸಿಕ್ಕಿದ್ದೇನು? ಎಲ್ಲಿ ಮುಖ ತಿರುಗಿಸಿದೆ? ನಾಳೆ ಯಾರನ್ನು ಎದುರಿಸಬೇಕು? ಊಟಕ್ಕೆ ಮುಂಚೆ, ಕುರ್ಚಿಯಲ್ಲಿ ಕೂತು. ಹಾಸಿಗೆಯಲ್ಲಿ ಮಾಡಿದರೆ ಮೊದಲ ಪ್ರಶ್ನೆಗೇ ನಿದ್ದೆ. ಎರಡು ಸಾಲನ್ನು ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಅಂಚಿನಲ್ಲೇ ಬರೆಯುತ್ತೇನೆ, ಬೇರೆ ಡೈರಿ ಇಟ್ಟರೆ ಅದು ತೆರೆಯುವುದೇ ಇಲ್ಲ. ಎರಡನೆಯ ಪ್ರಶ್ನೆಯಲ್ಲೇ ಹತ್ತು ನಿಮಿಷವೂ ಕಳೆಯುತ್ತಿದ್ದರೆ ಅದು ತಪ್ಪುಗಳ ಲೆಕ್ಕಪುಸ್ತಕವಾಗುತ್ತಿದೆ ಎಂದರ್ಥ. ಆಗ ಒಂದು ವಾರ ಮೊದಲನೆಯದನ್ನು ಮಾತ್ರ ಕೇಳಿಕೊಳ್ಳಿ.

ಕೊಡಗಿನಲ್ಲಿ ಈ ಅಭ್ಯಾಸಕ್ಕೆ ದೊಡ್ಡ ಅಪಾಯ ಇರುವುದು ಹೂಮಳೆಯಲ್ಲಿ, ಅಂದರೆ ಕಾಫಿ ಹೂ ಅರಳಿಸುವ ಮಳೆಯಲ್ಲಿ. ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ತೋಟಕ್ಕೆ ಒಂದೂವರೆ ಇಂಚು ಬೀಳುತ್ತದೆ, ರಸ್ತೆಯಾಚೆ ಹನಿಯೂ ಇಲ್ಲ. ಬಿದ್ದವರು ‘ದೇವರು ನಮ್ಮ ಪ್ರಾರ್ಥನೆ ಕೇಳಿದ’ ಎಂದು ಸಭೆಯಲ್ಲಿ ಸಾಕ್ಷಿ ಹೇಳುತ್ತಾರೆ. ರಸ್ತೆಯಾಚೆಯವರು ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವ ತಂದೆ ಎಂದು ಯೇಸು ಹೇಳಿರುವಾಗ (ಮತ್ತಾಯ 5:45) ಮಳೆಮಾಪಕ ನೋಡಿ ದೇವರ ದೂರ ಅಳೆಯಲು ಬರುವುದಿಲ್ಲ. ಮಳೆಗೆ ಧನ್ಯವಾದ ಹೇಳಬೇಕು, ಅದನ್ನು ದೇವರ ಮೆಚ್ಚುಗೆಯ ಸಹಿ ಎಂದು ಓದಬಾರದು. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜರಿದಾಗ ‘ನಮ್ಮನ್ನು ದೇವರು ಕಾಪಾಡಿದ’ ಎಂಬ ಮಾತು ಮನೆ ಕಳೆದುಕೊಂಡವರ ಕಿವಿಗೆ ಹೇಗೆ ಬಿದ್ದಿರಬೇಕು! 23ನೇ ಕೀರ್ತನೆ ಕಣಿವೆ ಇಲ್ಲ ಅನ್ನುವುದಿಲ್ಲ. ಕಣಿವೆಯಲ್ಲಿ ಒಬ್ಬಂಟಿ ಅಲ್ಲ ಅನ್ನುತ್ತದೆ, ಅಷ್ಟೇ.

ಜೂನ್‌ನಿಂದ ಆಗಸ್ಟ್‌ವರೆಗೆ ಇನ್ನೊಂದು ತೊಂದರೆ. ದಿನಗಟ್ಟಲೆ ಕರೆಂಟ್ ಇಲ್ಲ, ಬಟ್ಟೆ ಒಣಗುವುದಿಲ್ಲ, ಕಣ ಖಾಲಿ. ವಾಕ್ಯವನ್ನು ಕಟ್ಟಿದ ಕೆಲಸವೇ ನಿಂತಿರುವುದರಿಂದ ವಾಕ್ಯವೂ ನಿಲ್ಲುತ್ತದೆ. ಜನ ಅದನ್ನು ದೇವರು ದೂರವಾದ ಎಂದುಕೊಳ್ಳುತ್ತಾರೆ. ಹೊಸ ಗೂಟ ಹುಡುಕಿ: ಕೊಡೆ ಬಿಚ್ಚುವುದು, ಗಂಬೂಟು ಹಾಕುವುದು, ಒಲೆಗೆ ಕೊಳ್ಳಿ ನೂಕುವುದು. ಅದರ ಮೇಲೂ ಒಣಕಲು ಅನ್ನಿಸಿದರೆ ಮೊದಲು ನಿದ್ದೆ, ಊಟ ನೋಡಿ. ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ; ಎರಡು ಸಲ ಎಬ್ಬಿಸಿ ಊಟ ಮಾಡು ಅಂದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಬಂದದ್ದು ಆಮೇಲೆ (1 ಅರಸುಗಳು 19). ದುಃಖವೇ ಕಾರಣವಾಗಿದ್ದರೆ 88ನೇ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದು ‘ನೀನು’ ಅನ್ನುವುದನ್ನು ಬಿಡುವುದಿಲ್ಲ. ವಾರಗಟ್ಟಲೆ ನಿದ್ದೆಯೂ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವವರು ಡಾಕ್ಟರ ಬಳಿ ಹೋಗಬೇಕು. ಅದು ಅವಿಶ್ವಾಸವಲ್ಲ.

ಮರೆತದ್ದಕ್ಕೆ ಮರುಗುತ್ತಾ ಕೂರಬಾರದು. 17ನೇ ಶತಮಾನದ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್, ಮರೆತೆನೆಂದು ಗೊತ್ತಾದ ಕ್ಷಣ ಅದನ್ನು ದೇವರಿಗೆ ಒಪ್ಪಿಸಿ ಕೆಲಸಕ್ಕೆ ಮರಳುತ್ತಿದ್ದರಂತೆ. ಮರೆತದ್ದು ನೆನಪಾಯಿತು ಎಂದರೆ ಆಗಲೇ ಮುಖ ತಿರುಗಿತು.

ಆಳುಗಳ ಮುಂದೆ ಗಟ್ಟಿಯಾಗಿ ಪ್ರಾರ್ಥಿಸುವುದು ನನಗೆ ಸರಿಕಾಣುವುದಿಲ್ಲ. ತೋಟಕ್ಕೆ ಬರುವವರಲ್ಲಿ ಯರವರಿದ್ದಾರೆ, ಜೇನುಕುರುಬರಿದ್ದಾರೆ, ಅವರವರ ದೇವರಿದ್ದಾರೆ. ಕೂಲಿ ಕೊಡುವವನು ಕಣ್ಣುಮುಚ್ಚಿ ನಿಂತರೆ ಅವರೂ ನಿಲ್ಲಲೇಬೇಕಾಗುತ್ತದೆ. ಅವರ ಮುಂದೆ ನನ್ನ ವಾಕ್ಯಕ್ಕೆ ಜಾಗ ಇರುವುದು ಸಂಜೆ ಹಣ್ಣು ತೂಗುವಾಗ, ಅದೂ ಮನಸ್ಸಿನಲ್ಲೇ. ಕಿಲೋ ಲೆಕ್ಕದಲ್ಲಿ ಕೊಯ್ದವರಿಗೆ ತಕ್ಕಡಿಯೇ ದಿನದ ಕೂಲಿ, ಮೋಸದ ತ್ರಾಸು ಯೆಹೋವನಿಗೆ ಅಸಹ್ಯ (ಜ್ಞಾನೋಕ್ತಿ 11:1). ಮೊದಲ ಚೀಲ ಏರಿಸುವ ಮುಂಚೆ ವಾಕ್ಯ ಹೇಳಿಕೊಂಡು, ತಕ್ಕಡಿ ಸೊನ್ನೆಗೆ ನಿಂತಿರುವುದನ್ನು ಎಲ್ಲರಿಗೂ ತೋರಿಸುತ್ತೇನೆ. ಒಬ್ಬೊಬ್ಬರ ತೂಕವನ್ನು ಕೂಗಿ ಹೇಳಿ ಅವರೆದುರೇ ಬರೆಯುತ್ತೇನೆ. ಚೀಲದ ತೂಕ ಕಳೆಯುವುದಿದ್ದರೆ ಅಂದಾಜಿನಲ್ಲಿ ಬೇಡ, ಖಾಲಿ ಚೀಲವನ್ನೇ ತಕ್ಕಡಿಗಿಟ್ಟು ಕಳೆಯಿರಿ; ಮಳೆಗೆ ನೆನೆದ ಗೋಣಿ ಒಣಗಿದ್ದಕ್ಕಿಂತ ಹೆಚ್ಚು ತೂಗುತ್ತದೆ, ಅದನ್ನು ದಿನವೂ ಹೊಸದಾಗಿ ತೂಗಬೇಕು.