ಎಷ್ಟನೇ ಪುಟದಲ್ಲಿ ಬಿಟ್ಟೆ?

ಹೈಸ್ಕೂಲು ಮಕ್ಕಳು ಪುಸ್ತಕ ವಾಪಸ್ ತಂದಾಗ 'ಹೇಗಿತ್ತು?' ಅಂತ ನಾನು ಕೇಳುವುದಿಲ್ಲ. ಕೇಳಿದರೆ 'ಚೆನ್ನಾಗಿತ್ತು ಅಕ್ಕ' ಅಂತ ಹೇಳಿ ಸೈಕಲ್ ಹತ್ತಿ ಹೋಗಿಬಿಡುತ್ತಾರೆ. ಪುಸ್ತಕ ತೆರೆದೇ ಇಲ್ಲದವನೂ ಅದನ್ನೇ ಹೇಳುತ್ತಾನೆ, ರಾತ್ರಿಯೆಲ್ಲ ಕೂತು ಓದಿದವಳೂ ಅದನ್ನೇ ಹೇಳುತ್ತಾಳೆ. ಅದಕ್ಕೇ ನಾನು ಕೇಳುವುದು ಒಂದೇ: 'ಎಷ್ಟನೇ ಪುಟದಲ್ಲಿ ಬಿಟ್ಟೆ?' ಬಿಡುವುದು ತಪ್ಪಲ್ಲ ಅಂತ ಮೊದಲೇ ಹೇಳಿರುತ್ತೇನೆ. ಹಾಗಾಗಿ ಸುಳ್ಳು ಹೇಳುವ ಅಗತ್ಯ ಅವರಿಗೆ ಬರುವುದಿಲ್ಲ. ರಿಜಿಸ್ಟರ್‌ನಲ್ಲಿ ವಾಪಸಾತಿ ತಾರೀಖಿನ ಪಕ್ಕ ಪೆನ್ಸಿಲ್‌ನಲ್ಲಿ ಆ ಪುಟದ ನಂಬರ್ ಬರೆದಿಡುತ್ತೇನೆ. ಇಲಾಖೆ ಕೇಳಿದ್ದಲ್ಲ, ನನ್ನ ಅನುಕೂಲಕ್ಕೆ. ಮುಂದಿನ ಪುಸ್ತಕ ಯಾವುದು ಅಂತ ಜಾಸ್ತಿ ಸಲ ಹೇಳಿಕೊಡುವುದು ಆ ನಂಬರೇ.

ನಮ್ಮದು ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತಿದೆ. ಊರವರ ಬಾಯಲ್ಲಿ ಮಾತ್ರ ಲೈಬ್ರರಿಯೇ. ನಾನು ಇಲ್ಲಿ ಮೇಲ್ವಿಚಾರಕಿ. 2020ರಲ್ಲಿ 'ಓದುವ ಬೆಳಕು' ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾದ ಮೇಲೆ ಹುಡುಗ ಹುಡುಗಿಯರು ಬರುವುದು ಹೆಚ್ಚಾಯಿತು. ಬಂದವರೆಲ್ಲ ಕಾದಂಬರಿಗೇ ಬರುತ್ತಾರೆ ಅಂತಲ್ಲ. ಪೇಪರಿನ ಕ್ರಿಕೆಟ್ ಪುಟಕ್ಕೆ ಬರುವವರಿದ್ದಾರೆ. ಮಳೆ ನಿಲ್ಲಲಿ ಅಂತ ಕೂರುವವರಿದ್ದಾರೆ. ಅಣ್ಣನಿಗೆ ಪೊಲೀಸ್ ಪರೀಕ್ಷೆಯ ಗೈಡ್ ಒಯ್ಯಲು ಬಂದವರೂ ಇದ್ದಾರೆ. ಹಾಗೆ ಬಂದವರ ಕೈಗೇ ನಾನು ಕಾದಂಬರಿ ದಾಟಿಸುವುದು.

ಮೊದಲ ತೊಡಕು ಬೀರುವಿನದ್ದು. ಒಂದರಲ್ಲಿ ಮಕ್ಕಳ ಪುಸ್ತಕ, ಇನ್ನೊಂದರಲ್ಲಿ ದೊಡ್ಡವರ ಕಾದಂಬರಿ. ನಡುವೆ ಹದಿನಾಲ್ಕು, ಹದಿನೈದರವರಿಗೆ ಅಂತ ಒಂದು ಅರೆಯೂ ಇಲ್ಲ. ಕನ್ನಡದಲ್ಲಿ ಈ ವಯಸ್ಸಿಗೆ ಯಾರೂ ಬರೆದೇ ಇಲ್ಲ ಅಂದರೆ ತಪ್ಪಾಗುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಅದು 9ರಿಂದ 16 ವರ್ಷದವರ ಪುಸ್ತಕಗಳಿಗೆ. ನಮ್ಮ ಸಾಗರದ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಅದನ್ನು ಪಡೆಯಿತು. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' 2021ರಲ್ಲಿ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' 2022ರಲ್ಲಿ. ಏಳು, ಎಂಟನೇ ಕ್ಲಾಸಿನವರಿಗೆ ನಾನು ಕಣ್ಣು ಮುಚ್ಚಿ ಇವನ್ನು ಕೊಡುತ್ತೇನೆ. ಒಂಬತ್ತಕ್ಕೆ ಬಂದು ಮೀಸೆ ಚಿಗುರಿದವನ ಕತೆ ಬೇರೆ. ಮುಖಪುಟದಲ್ಲಿ ಮಕ್ಕಳ ಚಿತ್ರ ಕಂಡರೆ ಮುಗೀತು, ಮುಟ್ಟುವುದಿಲ್ಲ. ತಂಗಿಯ ಪುಸ್ತಕ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲು ಯಾರಿಗಿಷ್ಟ? ಅಂಥವರಿಗೆ ದೊಡ್ಡವರ ಬೀರುವಿನಿಂದಲೇ ಆರಿಸಿ ಕೊಡಬೇಕು.

ಆರಿಸುವ ಮೊದಲು ಎರಡು ವಿಷಯ ಕೇಳಿಕೊಳ್ಳುತ್ತೇನೆ. ಯಾವ ಸಿನಿಮಾ ಎರಡನೇ ಸಲ ನೋಡಿದೆ? ಮನೆಯಲ್ಲಿ ಯಾವ ಕೆಲಸ ನಿನ್ನ ತಲೆಗೆ ಕಟ್ಟಿದ್ದಾರೆ? 'ನಿಂಗೆ ಯಾವ ಥರದ ಪುಸ್ತಕ ಇಷ್ಟ' ಅಂತ ಕೇಳಿ ಪ್ರಯೋಜನ ಇಲ್ಲ. ಪುಸ್ತಕವನ್ನೇ ಓದದವನಿಗೆ ಅದು ಹೇಗೆ ಗೊತ್ತಿರಬೇಕು?

ಒಬ್ಬ ಒಂಬತ್ತನೇ ಕ್ಲಾಸಿನವನು, ಮನೆಯಲ್ಲಿ ಜೇನುಪೆಟ್ಟಿಗೆ ನೋಡಿಕೊಳ್ಳುವುದು ಅವನ ಕೆಲಸ. ಅವನಿಗೆ ತೇಜಸ್ವಿಯವರ 'ಕರ್ವಾಲೊ' ಕೊಟ್ಟೆ. ಪರಿಸರ, ವಿಜ್ಞಾನ, ವಿಕಾಸವಾದ ಯಾವುದನ್ನೂ ಹೇಳಲಿಲ್ಲ. 'ಇದರಲ್ಲಿ ಮಂದಣ್ಣ ಅಂತ ಒಬ್ಬ ಇದ್ದಾನೆ, ಜೇನು ಹಿಡಿಯೋದ್ರಲ್ಲಿ ನಿಂಗಿಂತ ಹುಷಾರು. ಹೌದೋ ಅಲ್ವೋ ನೋಡಿ ಹೇಳು' ಅಂದೆ. ವಾಪಸ್ ಬಂದವನು ಮೇಜಿನ ಮೇಲೆ ಪುಸ್ತಕ ಇಟ್ಟು ನಿಂತ.

'ಅಕ್ಕ, ಇವರಿಗೆ ತಲೆ ಸರಿ ಇಲ್ವಾ?'

'ಯಾಕೋ ಮಾರಾಯ?'

'ಹಾರುವ ಓತಿ ಹುಡುಕೋಕೆ ಇಷ್ಟು ದೊಡ್ಡ ದಂಡು ಕಟ್ಕೊಂಡು ಕಾಡಿಗೆ ಹೋಗ್ತಾರೆ. ನಮ್ಮ ತೋಟಕ್ಕೆ ಬಂದಿದ್ರೆ ನಾನೇ ತೋರಿಸ್ತಿದ್ದೆ. ಅಡಿಕೆ ಮರದಿಂದ ಮರಕ್ಕೆ ಹಾರ್ತದೆ.'

ಅವನು ಹೇಳಿದ್ದು ಸರಿ. ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇದೆ. ಮರದ ತೊಗಟೆಯ ಬಣ್ಣವೇ ಅದಕ್ಕೂ ಇರುವುದರಿಂದ ನೋಡಿ ಅಭ್ಯಾಸ ಇಲ್ಲದವರಿಗೆ ಕಾಣುವುದಿಲ್ಲ, ಅಷ್ಟೇ. ನಾನು ವಾದ ಮಾಡಲಿಲ್ಲ. ಎಷ್ಟನೇ ಪುಟದಲ್ಲಿ ಬಿಟ್ಟೆ ಅಂತ ಕೇಳಿದೆ. ಬಿಟ್ಟೇ ಇರಲಿಲ್ಲ. ಲೇಖಕರ ಮೇಲೆ ಸಿಟ್ಟು ಮಾಡಿಕೊಂಡೇ ಕೊನೆಯವರೆಗೆ ಓದಿದ್ದ. ಹೀಗೆ ಜಗಳ ಆಡುತ್ತಾ ಓದುವವನಿಗೆ ಮುಂದಿನದು ಸುಲಭ. 'ಪರಿಸರದ ಕತೆ' ಕೊಟ್ಟೆ, ಆಮೇಲೆ 'ಜುಗಾರಿ ಕ್ರಾಸ್'.

'ಜುಗಾರಿ ಕ್ರಾಸ್' ಬಗ್ಗೆ ನಾನು ಹೇಳುವುದು ಎರಡೇ ಮಾತು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ. ಹೆಚ್ಚುಕಡಿಮೆ ಒಂದು ದಿನದೊಳಗೆ ಇಡೀ ಕತೆ. ಅಷ್ಟು ಸಾಕು. ಕಾದಂಬರಿ ದಾಟಿಸುವಾಗ ಜಾಸ್ತಿ ಹೇಳಬಾರದು. 'ಇದು ಮಹಾನ್ ಕೃತಿ, ಓದಲೇಬೇಕು' ಅಂದರಂತೂ ಆ ಪುಸ್ತಕ ಸ್ಕೂಲ್ ಬ್ಯಾಗಿನ ತಳಕ್ಕೆ ಹೋಗುತ್ತದೆ, ಪಠ್ಯಪುಸ್ತಕದ ಕೆಳಗೆ.

ಇನ್ನು ಬಿಟ್ಟ ಪುಟಗಳ ವಿಷಯ. ಕಾರಂತರ 'ಬೆಟ್ಟದ ಜೀವ' ಬಿಡುವವರೆಲ್ಲ ಶುರುವಿನಲ್ಲೇ ಬಿಡುತ್ತಾರೆ. ಗೋಪಾಲಯ್ಯನ ಮನೆ, ಊಟ, ಉಪಚಾರ, ನಿಧಾನದ ಮಾತು. ಏನೂ ನಡೆಯುತ್ತಲೇ ಇಲ್ಲ ಅಂತ ಅವರ ದೂರು. ಹಾಗೆ ಶುರುವಿನಲ್ಲೇ ಬಿಟ್ಟವರಿಗೆ ನಾನು ಬೇರೆ ಪುಸ್ತಕ ಕೊಡುವುದಿಲ್ಲ, ಅದನ್ನೇ ಇನ್ನೊಂದು ದಾರಿಯಿಂದ ಕೊಡುತ್ತೇನೆ. 'ಈ ಅಜ್ಜ ಅಜ್ಜಿಗೆ ಒಬ್ಬ ಮಗ. ಶಂಭು ಅಂತ. ಮನೆ ಬಿಟ್ಟು ಹೋಗಿದ್ದಾನೆ. ಯಾಕೆ ಹೋದ ಅಂತ ಹುಡುಕು, ಬೇಕಿದ್ರೆ ನಡುವಿನ ಪುಟ ಹಾರಿಸು.' ಹಾರಿಸಿ ಓದಲು ಒಪ್ಪಿಗೆ ಕೊಟ್ಟರೆ ಅರ್ಧದಷ್ಟು ಜನ ಹಾರಿಸುವುದೇ ಇಲ್ಲ! ಈ ಕಾದಂಬರಿ ಬಂದದ್ದು 1943ರಲ್ಲಿ. ಆದರೆ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಈಗಲೂ ಅದೇ ಕತೆ ನಡೀತಾ ಇದೆ. ಮಗ ಬೆಂಗಳೂರಿನಲ್ಲಿ, ತೋಟ ನೋಡಿಕೊಳ್ಳುವವರು ಎಪ್ಪತ್ತು ದಾಟಿದವರು. ಹೈಸ್ಕೂಲಿನ ಮಕ್ಕಳು ಇದನ್ನು ಶಂಭುವಿನ ಕಡೆಯಿಂದ ಓದುತ್ತಾರೆ, ನಾನು ಗೋಪಾಲಯ್ಯನ ಕಡೆಯಿಂದ. ನಮ್ಮ ಲೈಬ್ರರಿಯಲ್ಲಿ ಜೋರು ಗಲಾಟೆ ಆಗಿದ್ದರೆ ಈ ಪುಸ್ತಕದ ಮೇಲೆಯೇ.

ಆದರೆ ನಡುಭಾಗದಲ್ಲಿ ಬಿಟ್ಟಿದ್ದರೆ ಅದು ಬೇರೆ ಲಕ್ಷಣ. ಪುಸ್ತಕ ಹಿಡಿಸಿದೆ, ಓದಿ ಸುಸ್ತಾಗಿದೆ. ಈಗಿನ ಹುಡುಗರಲ್ಲಿ ಇದು ಜಾಸ್ತಿ. ಇಂಗ್ಲಿಷ್ ಮೀಡಿಯಂನವರು ಕನ್ನಡವನ್ನು ಸಲೀಸಾಗಿ ಮಾತಾಡುತ್ತಾರೆ, ಓದುವಾಗ ಒತ್ತಕ್ಷರಕ್ಕೊಮ್ಮೆ ನಿಲ್ಲುತ್ತಾರೆ. ಅವರಿಗೆ ನಾಚಿಕೆ ಬೇರೆ. ಇಂಥವರಿಗೆ ಕಾದಂಬರಿಗೆ ಮೊದಲು ಒಂದು ಸಣ್ಣಕತೆ. 'ಡೇರ್‌ಡೆವಿಲ್ ಮುಸ್ತಾಫಾ' ಸಿನಿಮಾ 2023ರಲ್ಲಿ ಬಂದ ಮೇಲೆ ನನಗೆ ತುಂಬಾ ಉಪಕಾರವಾಯಿತು. ಅದರ ಮೂಲ ಕತೆ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ಪುಟ ತೆಗೆದು ಕೈಗೆ ಕೊಟ್ಟು 'ಸಿನಿಮಾದಲ್ಲಿ ಇದ್ದದ್ದು ಇಲ್ಲಿ ಏನೇನು ಇಲ್ಲ ನೋಡು' ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಮುಗಿಸುತ್ತಾರೆ. ಒಮ್ಮೆ ಒಂದು ಕತೆ ಪೂರ್ತಿ ಮುಗಿಸಿದವನಿಗೆ ಧೈರ್ಯ ಬರುತ್ತದೆ.

ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಗಟ್ಟಿಯಾಗಿ ಓದುವುದನ್ನೂ ಇಟ್ಟುಕೊಂಡಿದ್ದೇನೆ. ಐದಾರು ಪುಟ ಮಾತ್ರ. ಒಳ್ಳೆ ಜಾಗ ನೋಡಿ ನಿಲ್ಲಿಸಿಬಿಡುತ್ತೇನೆ. ಇದಕ್ಕೆ ತೇಜಸ್ವಿ ಅನುವಾದಿಸಿದ 'ಮಹಾಪಲಾಯನ'ದಷ್ಟು ಒದಗಿದ ಪುಸ್ತಕ ಇನ್ನೊಂದಿಲ್ಲ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು ಇಂಡಿಯಾದವರೆಗೆ ನಡೆದು ಬಂದವರ ಕತೆ. 'ಇದು ನಿಜವಾಗ್ಲೂ ನಡೆದದ್ದಾ ಅಕ್ಕ?' ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಮೂಲ ಲೇಖಕ ಸ್ಲಾವೊಮಿರ್ ರಾವಿಚ್ ಹಾಗೆ ನಡೆದೇ ಇಲ್ಲ, 1942ರಲ್ಲಿ ಅವನನ್ನು ಬಿಡುಗಡೆ ಮಾಡಿದ್ದರು ಅಂತ ಹೇಳುವ ದಾಖಲೆಗಳನ್ನು 2006ರಲ್ಲಿ ಬಿಬಿಸಿ ಹೊರಗೆ ತಂದಿತು. ಅದನ್ನೂ ಹೇಳುತ್ತೇನೆ. ಹೇಳಿದರೆ ಆಸಕ್ತಿ ಕಡಿಮೆ ಆಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಆಗುವುದಿಲ್ಲ. ಎಲ್ಲಿ ಸುಳ್ಳು ಹೇಳಿದ್ದಾನೆ ಅಂತ ಹಿಡಿಯಲು ಮತ್ತೊಂದು ಸಲ ಒಯ್ಯುತ್ತಾರೆ.

ಹುಡುಗಿಯರ ವಿಷಯಕ್ಕೆ ಬಂದರೆ, ಅವರಿಗೆ ಪ್ರೀತಿಯ ಕತೆ ಬೇಕು ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಡುತ್ತಾರೆ. ಪ್ರೀತಿಯ ಕತೆ ಹುಡುಗರಿಗೂ ಬೇಕು, ಕೇಳಲು ಧೈರ್ಯ ಇಲ್ಲ ಅಷ್ಟೇ. ಹತ್ತನೇ ಕ್ಲಾಸು, ಪಿಯುಸಿ ಹುಡುಗಿಯರಿಗೆ ನಾನು ತ್ರಿವೇಣಿಯವರ 'ಶರಪಂಜರ' ಕೊಡುತ್ತೇನೆ. ತ್ರಿವೇಣಿ ಬದುಕಿದ್ದು ಮೂವತ್ತೈದು ವರ್ಷವೂ ಇಲ್ಲ, 1963ರಲ್ಲಿ ತೀರಿಕೊಂಡರು. ಹುಚ್ಚು ವಾಸಿಯಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ನೆಂಟರೂ ಹುಚ್ಚಿ ಅಂತಲೇ ನೋಡುವ ಆ ಭಾಗ ಇದೆಯಲ್ಲ, ಅಲ್ಲಿಗೆ ಬಂದವರು ಯಾರೂ ಪುಸ್ತಕ ಬಿಟ್ಟಿಲ್ಲ. ವಾಪಸ್ ಕೊಡುವಾಗ ಒಬ್ಬಳು ನನ್ನ ಹತ್ತಿರ ಪುಸ್ತಕದ ಮಾತೇ ಆಡಲಿಲ್ಲ. ತನ್ನ ಚಿಕ್ಕಮ್ಮನ ಬಗ್ಗೆ ಒಂದು ಗಂಟೆ ಮಾತಾಡಿದಳು. ನಾನು ಸುಮ್ನೆ ಕೇಳಿಸಿಕೊಂಡೆ. ಮುಂದಿನ ಪುಸ್ತಕ ಅವತ್ತು ಕೊಡಲಿಲ್ಲ, ವಾರ ಬಿಟ್ಟು ಬಾ ಅಂದೆ.

ಅಪ್ಪಂದಿರು ಬರುತ್ತಾರೆ. 'ಎಸ್ಸೆಸ್ಸೆಲ್ಸಿ ವರ್ಷ, ಕಾದಂಬರಿ ಕೊಡಬೇಡಿ ಮೇಡಂ' ಅನ್ನುತ್ತಾರೆ. ಅವರ ಹತ್ತಿರ ಸಾಹಿತ್ಯದ ಮಹತ್ವ ಮಾತಾಡಿದರೆ ಕೆಲಸ ಆಗುವುದಿಲ್ಲ. ಕನ್ನಡ ಪ್ರಬಂಧಕ್ಕೆ ಅನುಕೂಲ ಅಂತ ಹೇಳುತ್ತೇನೆ. ಅದೇನೂ ಸುಳ್ಳಲ್ಲ. ಒಬ್ಬರಿಗೆ ಮಗನ ಕಾರ್ಡಿನ ಮೇಲೆಯೇ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಕೊಟ್ಟು ಕಳಿಸಿದೆ, 'ಮೊದಲು ನೀವು ನೋಡಿ, ಸರಿ ಅನ್ನಿಸಿದರೆ ಅವನಿಗೆ ಕೊಡಿ' ಅಂತ. ಪುಸ್ತಕ ಬಹಳ ದಿನ ವಾಪಸ್ ಬರಲಿಲ್ಲ. ಕೇಳಿದರೆ ಮಗ ಹೇಳಿದ, 'ಅಪ್ಪ ಬಿಡ್ತಾ ಇಲ್ಲ ಅಕ್ಕ.'

ನಮ್ಮ ಕಡೆಗೇ ಅಂತ ಇರುವ ಒಂದು ಪುಸ್ತಕ ನಾ. ಡಿಸೋಜರ 'ದ್ವೀಪ'. ಅಣೆಕಟ್ಟಿನ ನೀರು ಏರುತ್ತಾ ಗಣಪಯ್ಯನ ಮನೆ ಸುತ್ತ ದ್ವೀಪವಾಗುವ ಕತೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಇಲ್ಲಿನ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರು ಆ ನೀರಿನಿಂದ ಎದ್ದು ಬಂದವರು. ಡಿಸೋಜರು ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಹುಡುಗರೇ ಬಂದು ಅವರ ಪುಸ್ತಕ ಕೇಳಿದರು. ಪೇಪರಿನಲ್ಲಿ ಫೋಟೊ ಬಂದಿತ್ತಲ್ಲ. 'ದ್ವೀಪ' ಕೊಡುವಾಗ ನಾನು ಒಂದು ಕೆಲಸ ಹೇಳುತ್ತೇನೆ: ಒಂದು ಅಧ್ಯಾಯ ಅಜ್ಜಿಯ ಎದುರು ಗಟ್ಟಿಯಾಗಿ ಓದು. ಅಲ್ಲಿಗೆ ಪುಸ್ತಕ ನಿಂತೇ ಹೋಗುತ್ತದೆ, ಅಜ್ಜಿಯ ಕತೆ ಶುರುವಾಗುತ್ತದೆ. ಯಾವ ತೋಟ ಮುಳುಗಿತು, ದನಗಳನ್ನು ಹೇಗೆ ದಾಟಿಸಿದರು, ದೇವರನ್ನು ಎಲ್ಲಿಗೆ ಒಯ್ದರು. ಈ ಪುಸ್ತಕದ ಎದುರಿಗೆ ನನ್ನ ರಿಜಿಸ್ಟರ್‌ನಲ್ಲಿ ಇರುವ ಪುಟದ ನಂಬರೆಲ್ಲ ಹಾಗೆ ಅಜ್ಜಿಯರು ನಿಲ್ಲಿಸಿದ್ದು. ಗಿರೀಶ್ ಕಾಸರವಳ್ಳಿಯವರ 2002ರ ಸಿನಿಮಾವನ್ನು ಆಮೇಲೆ ಬೇಕಿದ್ದರೆ ನೋಡಲಿ. ನನ್ನ ಪ್ರಕಾರ ಪುಸ್ತಕವೇ ಮೊದಲು.

ಕಾದಂಬರಿ ಅಂತಲೇ ಹಟ ಹಿಡಿಯಬೇಕಿಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ಆತ್ಮಕತೆ. ಆದರೆ ಹಸಿವು, ಅವಮಾನದ ಮಾತನ್ನು ನಗಿಸುತ್ತಾ ಹೇಳುವ ಆ ಪುಸ್ತಕವನ್ನು ಹುಡುಗರು ಓದುವಷ್ಟು ಬೇಗ ಎಷ್ಟೋ ಕಾದಂಬರಿಗಳನ್ನು ಓದುವುದಿಲ್ಲ. ಅದನ್ನು ಮುಗಿಸಿದವರಿಗೆ 'ಚೋಮನ ದುಡಿ'. ಸಣ್ಣ ಪುಸ್ತಕ, 1933ರದ್ದು. ಭಾಷೆ ಸ್ವಲ್ಪ ಹಳೆಯದು ಅನ್ನಿಸುತ್ತದೆ. ಆದರೆ ಉಳಲು ತುಂಡು ಭೂಮಿ ಬೇಕು ಅನ್ನುವ ಚೋಮನ ಆಸೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿ ಬಂದಿಲ್ಲ. ಜಾತಿಯ ಮಾತು ಬರುವ ಪುಸ್ತಕಗಳನ್ನು ಕೊಡುವಾಗ ನಾನು ಒಂದು ಎಚ್ಚರ ಇಟ್ಟುಕೊಂಡಿದ್ದೇನೆ. ಇಂಥ ಕೇರಿಯವನಿಗೆ ಇಂಥ ಪುಸ್ತಕ ಅಂತ ಹಂಚುವುದಿಲ್ಲ. ಎಲ್ಲರಿಗೂ ಎರಡೂ ಕೊಡುತ್ತೇನೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಗ್ಗೆ ಮೇಷ್ಟರುಗಳು ಕೇಳುತ್ತಾರೆ, ಯಾಕೆ ಮಕ್ಕಳಿಗೆ ಕೊಡುವುದಿಲ್ಲ ಅಂತ. ಕೇಳಿದವರಿಗೆ ಕೊಡುತ್ತೇನೆ, ನಾನಾಗಿ ಮುಂದೆ ಮಾಡುವುದಿಲ್ಲ. ಏಳುನೂರು ಪುಟ ದಾಟಿದ ಪುಸ್ತಕ ಕಂಡರೇ ಎದೆ ಝಲ್ ಅನ್ನುತ್ತದೆ. ಕೊಟ್ಟರೂ 'ನಾಯಿಗುತ್ತಿ, ಅವನ ನಾಯಿ ಹುಲಿಯ, ಇವರಿಬ್ಬರ ಹಿಂದೆ ಹೋಗ್ತಾ ಇರು, ಉಳಿದವರ ಹೆಸರು ಮರೆತರೆ ಚಿಂತೆ ಬೇಡ' ಅಂತ ಹೇಳಿಯೇ ಕೊಡುತ್ತೇನೆ. ಪಿಯುಸಿಯ ಒಬ್ಬಳು ಈಗ ಓದುತ್ತಿದ್ದಾಳೆ. ಗುತ್ತಿ ಬರದ ಅಧ್ಯಾಯಗಳನ್ನು ಬಿಟ್ಟು ಮುಂದೆ ಹೋಗಿದ್ದವಳು ಈಗ ಅವನ್ನು ಓದಲು ವಾಪಸ್ ಬಂದಿದ್ದಾಳೆ. ಅವಳ ಹೆಸರಿನ ಮುಂದೆ ಯಾವ ನಂಬರ್ ಬರೆಯಲಿ ಅಂತಲೇ ಗೊತ್ತಾಗುತ್ತಿಲ್ಲ.

ಬೇರೆ ಪಂಚಾಯಿತಿಯ ಮೇಲ್ವಿಚಾರಕರು ಯಾರಾದರೂ ಇದನ್ನು ಓದುತ್ತಿದ್ದರೆ, ಖರೀದಿ ಪಟ್ಟಿ ಕಳಿಸುವಾಗ ಪರೀಕ್ಷೆಯ ಗೈಡುಗಳ ನಡುವೆ ಇವುಗಳಲ್ಲಿ ನಾಲ್ಕಾದರೂ ಸೇರಿಸಿ. 'ಕರ್ವಾಲೊ' ಮಾತ್ರ ಎರಡು ಪ್ರತಿ ಹಾಕಿ. ಒಂದು ವಾಪಸ್ ಬರುವುದಿಲ್ಲ.