ಹುಲ್ಲಿನ ಮೇಲೆ ಮೊದಲ ಗಾಳ: ಮಾಂಡವಿ ದಂಡೆಯಲ್ಲಿ ಫ್ಲೈ ಫಿಶಿಂಗ್ ಕಲಿಯುವ ಬಗೆ

ಪಣಜಿಯ ಕಾಂಪಾಲ್ ಮೈದಾನ, ಭಾನುವಾರ ಬೆಳಿಗ್ಗೆ. ಒಂಬತ್ತಡಿ ಉದ್ದದ ರಾಡ್ ಹಿಡಿದು ಹಳದಿ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದೆ. ತುದಿಗೆ ಗಾಳವಿಲ್ಲ, ಚಿಟಿಕೆಯಷ್ಟು ಕೆಂಪು ಉಣ್ಣೆ ಕಟ್ಟಿದ್ದೆ. ನಡುವೆ ಮನೆಯಿಂದ ಫೋನು ಬಂತು, ಮಾತಾಡಿದೆ. ಗಾರೆ ಕೆಲಸಕ್ಕೆ ಹೊರಟಿದ್ದ ಬಾಗಲಕೋಟೆ ಕಡೆಯ ಇಬ್ಬರು ಅಲ್ಲೇ ನಿಂತಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಒಬ್ಬ ಕೇಳಿಯೇಬಿಟ್ಟ: "ಏನ್ರೀ ಸಾಹೇಬ್ರ, ಹೊಳಿ ಅಲ್ಲೈತಿ, ನೀವ್ ಹುಲ್ಲಾಗ ಮೀನ ಹಿಡ್ಯಾಕತ್ತೀರಲ್ಲ!"

ಫ್ಲೈ ಫಿಶಿಂಗನ್ನು ಹುಲ್ಲಿನ ಮೇಲೆಯೇ ಕಲಿಯಬೇಕು. ನೇರ ನೀರಿಗೆ ಇಳಿದವರು ತಿಂಗಳೊಳಗೆ ರಾಡನ್ನು ಅಟ್ಟಕ್ಕೆ ಹಾಕಿದ್ದನ್ನು ಕಂಡಿದ್ದೇನೆ. ನಾನೂ ಒಮ್ಮೆ ಹಾಕಿದವನೇ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ನಾವು ಕಂಡ ಗಾಳದಲ್ಲಿ ಸೀಸದ ಗುಂಡು ಹಾರುತ್ತದೆ, ದಾರ ಅದರ ಬೆನ್ನು ಹತ್ತಿ ಹೋಗುತ್ತದೆ. ಇಲ್ಲಿ ತಿರುವುಮುರುವು. ಫ್ಲೈ ಅಂದರೆ ಹುಳವೋ ಮರಿಮೀನೋ ಎಂದು ಮೀನನ್ನು ನಂಬಿಸಲು ಕೊಕ್ಕೆಗೆ ಸುತ್ತಿದ ನಾಲ್ಕು ಕೂದಲು, ಒಂದಿಷ್ಟು ಮಿನುಗು. ಅದನ್ನು ಕೈಯಿಂದ ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ತೂಕವಿರುವುದು ದಪ್ಪನೆಯ ಲೈನಿನಲ್ಲಿ. ನಾವು ಎಸೆಯುವುದು ಲೈನನ್ನು, ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ.

ಸಾಮಾನು: ದುಡ್ಡು ಎಲ್ಲಿ ಹಾಕಬೇಕು

ರಾಡಿನ ಮೇಲೆ 5, 6, 8 ಎಂದು ಅಂಕಿ ಇರುತ್ತದೆ. ಅದು ಯಾವ ತೂಕದ ಲೈನಿಗೆ ಆ ರಾಡ್ ಹೊಂದುತ್ತದೆ ಎಂಬುದರ ಲೆಕ್ಕ. ಲೈನಿನ ಮೊದಲ 30 ಅಡಿ ಮಾತ್ರ ತೂಗುತ್ತಾರೆ: 5ನೇ ನಂಬರಿಗೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8ನೇ ನಂಬರಿಗೆ 210 ಗ್ರೇನ್, ಹದಿಮೂರೂವರೆ ಗ್ರಾಂ. ಹಿಮಾಚಲದ ಹಳ್ಳಗಳಲ್ಲಿ ಟ್ರೌಟ್ ಹಿಡಿಯುವವರಿಗೆ 4 ಅಥವಾ 5 ಸಾಕು. ಗೋವಾದ ಅಳಿವೆಯಲ್ಲಿ ಸಮುದ್ರದ ಗಾಳಿ ಇದೆ, ಮೀನೂ ಒರಟು. ನನ್ನ ಕೈಗೆ ಹೊಂದಿದ್ದು 8, ಒಂಬತ್ತಡಿ, ನಾಲ್ಕು ತುಂಡಾಗಿ ಬಿಚ್ಚುವಂಥದ್ದು. ಸ್ಕೂಟರಿನಲ್ಲಿ ಒಯ್ಯಲು ಅದೇ ಲೇಸು.

ರಾಡಿಗೆ ಸುರಿಯುವ ದುಡ್ಡಿನಲ್ಲಿ ಅರ್ಧ ಉಳಿಸಿ ಲೈನಿಗೆ ಹಾಕಿ ಎಂಬುದು ನನ್ನ ಹಟ. ಗೆಳೆಯರು ಒಪ್ಪುವುದಿಲ್ಲ. ನಾನು ಮೊದಲು ಕೊಂಡದ್ದು ತಣ್ಣೀರಿನ ದೇಶಗಳಿಗೆಂದು ಮಾಡಿದ ಅಗ್ಗದ ಲೈನು. ಅಂಗಡಿಯವನು ಎಲ್ಲಾ ಒಂದೇ ಎಂದ, ನಂಬಿದೆ. ಏಪ್ರಿಲ್ ಬಿಸಿಲಿಗೆ ಅದು ಬೆಂದ ಶಾವಿಗೆಯಂತೆ ಮೆತ್ತಗಾಗಿ ರಾಡಿನ ಉಂಗುರಗಳಿಗೇ ಅಂಟಿಕೊಂಡಿತು. ಉಷ್ಣವಲಯದ ಲೈನು ಎಂದು ಕೇಳಿ ಕೊಳ್ಳಿ, ಅದರ ಎಳೆ ಬಿರುಸಾಗಿರುತ್ತದೆ.

ರೀಲು ಉಪ್ಪುನೀರು ತಡೆಯುವಂತಿರಲಿ. ಒಳಗೆ, ಮೀನು ದೂರ ಓಡಿದರೆ ಬೇಕಾಗುವ ನೂರೈವತ್ತು ಮೀಟರ್ ಬ್ಯಾಕಿಂಗ್ ದಾರ, ಅದಕ್ಕೆ ಲೈನು, ಲೈನಿಗೆ ಒಂಬತ್ತಡಿಯ ಲೀಡರ್, ಅಂದರೆ ಫ್ಲೈ ಕಟ್ಟುವ ತೆಳು ಪಾರದರ್ಶಕ ದಾರ. ಗಂಟುಗಳನ್ನು ಮನೆಯಲ್ಲಿ ಕೂತು ಕಲಿಯಬಹುದು, ಅದಕ್ಕೆ ಇಲ್ಲಿ ಜಾಗ ತಿನ್ನಿಸುವುದಿಲ್ಲ. ಒಂದು ಮಾತ್ರ ಮರೆಯಬೇಡಿ: ಲೀಡರ್ ತುದಿಗೆ ಒಂದೂವರೆ ಅಡಿಯಷ್ಟು ದಪ್ಪನೆಯ ಫ್ಲೋರೋಕಾರ್ಬನ್ ದಾರ, 30 ಪೌಂಡ್ ಎಳೆತ ತಡೆಯುವಂಥದ್ದು. ಇಲ್ಲಿಯ ಚೊಣಕ್ (ಬರಾಮುಂಡಿ) ಮೀನಿನ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ. ತೆಳು ದಾರ ಕ್ಷಣದಲ್ಲಿ ಖಲಾಸ್.

ಫ್ಲೈಗಳ ಡಬ್ಬಿ ತುಂಬಿಸುವ ಚಟ ಎಲ್ಲರಿಗೂ ಹತ್ತುತ್ತದೆ. ನನ್ನ ಡಬ್ಬಿಯಲ್ಲಿ ಮುಕ್ಕಾಲು ಪಾಲು ಒಂದೇ ಜಾತಿ: ಬಿಳಿ-ಹಸಿರು ಕ್ಲೌಸರ್ ಮಿನ್ನೋ. ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಕಟ್ಟಿದ್ದು. ಕೊಕ್ಕೆಯ ಕತ್ತಿಗೆ ಡಂಬೆಲ್ಲಿನಂಥ ಎರಡು ಲೋಹದ ಕಣ್ಣು ಕಟ್ಟಿರುತ್ತಾರೆ. ಆ ಭಾರಕ್ಕೆ ಫ್ಲೈ ಮಗುಚಿ, ಮೊನೆ ಮೇಲ್ಮುಖವಾಗಿ ಈಜುತ್ತದೆ. ನಮ್ಮ ಅಳಿವೆಯ ತಳದಲ್ಲಿ ಸಿಂಪಿ ಚಿಪ್ಪು, ಕಾಂಡ್ಲಾ (ಮ್ಯಾಂಗ್ರೋವ್) ಬೇರು ತುಂಬಿವೆ. ಮೊನೆ ಮೇಲಿದ್ದರೆ ಸಿಕ್ಕಿಬೀಳುವುದು ಕಡಿಮೆ. ಕೊಕ್ಕೆಯ ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಪಕ್ಕಡದಿಂದ ಒತ್ತಿ ಸಪಾಟು ಮಾಡಿಕೊಳ್ಳಿ. ಏಕೆಂದು ಮುಂದೆ ಹೇಳುತ್ತೇನೆ.

ಬೀಸುವುದು

ಮೈದಾನದಲ್ಲಿ 30 ಅಡಿ ಲೈನನ್ನು ಮುಂದೆ ನೆಟ್ಟಗೆ ಹಾಸಿ. ಹೆಬ್ಬೆರಳು ಹಿಡಿಕೆಯ ಮೇಲ್ಗಡೆ. ರಾಡಿನ ತುದಿ ನೆಲದ ಹತ್ತಿರ. ಲೈನಿನಲ್ಲಿ ಸಡಿಲ ಇರಕೂಡದು. ಇದ್ದರೆ ಅರ್ಧ ಬೀಸು ಸಡಿಲ ಎಳೆಯುವುದರಲ್ಲೇ ಮುಗಿಯುತ್ತದೆ.

ಈಗ ನಿಧಾನಕ್ಕೆ ಎತ್ತಲು ಶುರುಮಾಡಿ, ಬರಬರುತ್ತ ವೇಗ ಹೆಚ್ಚಿಸಿ, ರಾಡ್ ಕಿವಿಯನ್ನು ದಾಟಿದ ಕೂಡಲೇ ಗಕ್ಕನೆ ನಿಲ್ಲಿಸಿ. ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ. ಆ ನಿಲ್ಲಿಸುವುದೇ ಎಸೆತ. ನಿಂತ ರಾಡಿನ ತುದಿಯಿಂದ ಲೈನು ಮಲಗಿಸಿಟ್ಟ ಹೇರ್‌ಪಿನ್ನಿನಂತೆ ಬಾಗಿ ಹಿಂದಕ್ಕೆ ಉರುಳುತ್ತ ಹೋಗುತ್ತದೆ. ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಕುತ್ತಿಗೆ ತಿರುಗಿಸಿ ಕಣ್ಣಾರೆ ನೋಡಿ, ನಾಚಿಕೆ ಬೇಡ. ಲೈನು ಬಿಚ್ಚಿ ನೇರವಾಯಿತೋ, ಮುಂದಕ್ಕೆ ಅದೇ ರೀತಿ ವೇಗ ಏರಿಸಿ ಹತ್ತು ಗಂಟೆಯ ಹತ್ತಿರ ಗಕ್ಕನೆ ನಿಲ್ಲಿಸಿ. ಲೈನು ಉರುಳಿ ಹೋದ ಮೇಲೆ ತುದಿಯನ್ನು ಮೆಲ್ಲಗೆ ಇಳಿಸಿ.

ಬಾಗಲಕೋಟೆಯವನ ಕೈಗೆ ರಾಡ್ ಕೊಟ್ಟೆ. ಎತ್ತಿನ ಬಾರುಕೋಲು ಹಿಡಿದ ಕೈ. ಎರಡನೇ ಬೀಸಿಗೇ ಲೈನು ಛಟ್ ಎಂದಿತು. ಅವನಿಗೆ ಖುಷಿಯೋ ಖುಷಿ. "ಬಾರುಕೋಲು ಸಪ್ಪಳ ಮಾಡಬೇಕು, ಇದು ಮಾಡಬಾರದು ಮಾರಾಯ" ಎಂದೆ. ಲೈನು ಹಿಂದೆ ಬಿಚ್ಚಿಕೊಳ್ಳುವ ಮುಂಚೆಯೇ ಮುಂದಕ್ಕೆ ಎಳೆದರೆ ಆ ಶಬ್ದ ಬರುತ್ತದೆ. ನಿಜವಾದ ಫ್ಲೈ ಇದ್ದಿದ್ದರೆ ತುದಿಯಿಂದ ಹರಿದು ಹಾರಿಹೋಗುತ್ತಿತ್ತು. ಲೈನು ಉದ್ದವಾದಷ್ಟೂ ಕಾಯುವ ಹೊತ್ತೂ ಹೆಚ್ಚು.

ಇನ್ನೊಂದು ತಪ್ಪು ಎಲ್ಲರದು: ಮಣಿಕಟ್ಟು ಬಾಗಿಸುವುದು. ಮಣಿಕಟ್ಟು ಬಾಗಿದರೆ ರಾಡ್ ಹಿಂದೆ ನೆಲದತ್ತ ಮಲಗುತ್ತದೆ, ಲೈನು ಹಿಂದಿನ ಹುಲ್ಲಿಗೆ ಬಡಿಯುತ್ತದೆ. ತುಂಬುತೋಳಿನ ಅಂಗಿ ಹಾಕಿ, ರಾಡಿನ ಬುಡವನ್ನು ತೋಳಿನ ಪಟ್ಟಿಯೊಳಗೆ ತುರುಕಿಕೊಂಡು ಒಂದು ವಾರ ಬೀಸಿ. ತಾನಾಗಿ ಸರಿಹೋಗುತ್ತದೆ. ಲೀಡರಿನಲ್ಲಿ ಸಣ್ಣ ಸಣ್ಣ ಗಂಟು ಬಿದ್ದರೆ ಗಾಳಿಯನ್ನು ದೂರಬೇಡಿ. ವೇಗವನ್ನು ಹಂತಹಂತವಾಗಿ ಏರಿಸದೆ ಒಮ್ಮೆಲೇ ಜೋರು ಕೊಟ್ಟಿದ್ದೀರಿ ಎಂದರ್ಥ. ಆಗ ಲೈನಿನ ಮೇಲಿನ ಎಳೆ ಕೆಳಗಿನದನ್ನು ದಾಟಿ ಸಿಕ್ಕಾಗುತ್ತದೆ.

ದೂರ ಬೇಕೆಂದರೆ ಡಬಲ್ ಹಾಲ್ ಕಲಿಯಬೇಕು: ಬಲಗೈ ವೇಗ ಏರಿಸುವ ಹೊತ್ತಿಗೇ ಎಡಗೈ ಲೈನನ್ನು ಗೇಣುದ್ದ ಸರಕ್ಕನೆ ಎಳೆದು, ಲೈನು ಬಿಚ್ಚಿಕೊಳ್ಳುವಾಗ ಅಷ್ಟನ್ನೂ ವಾಪಸ್ ಬಿಟ್ಟುಕೊಡುವುದು, ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ. ನನಗೆ ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ 40 ಅಡಿ ಸಾಕು. ಚೊಣಕ್ ಸಾಮಾನ್ಯವಾಗಿ ದಂಡೆಯ ಬುಡದಲ್ಲೇ ಇರುತ್ತದೆ.

ಗಾಳಿಯ ಕಡೆ ಗಮನವಿರಲಿ. ಬಲಗೈಯವರಿಗೆ ಗಾಳಿ ಎಡದಿಂದ ಬಂದರೆ ಕ್ಷೇಮ. ಬಲದಿಂದ ಬಂದರೆ ಫ್ಲೈ ತಲೆಯ ಮೇಲೇ ಹಾಯುತ್ತದೆ. ನನ್ನ ಬಲಗಿವಿಗೆ ಹೊಕ್ಕ ಕೊಕ್ಕೆ ಸಲೀಸಾಗಿ ಹೊರಬಂದದ್ದು ಮುಳ್ಳು ಒತ್ತಿದ್ದರಿಂದ. ಟೋಪಿ, ಕನ್ನಡಕ ಇಲ್ಲದೆ ಬೀಸಬೇಡಿ. ಹಿಂದೆ ಯಾರಿದ್ದಾರೆಂದೂ ನೋಡಿಕೊಳ್ಳಿ. ಪಣಜಿ-ರಿಬಂದರ್ ನಡುವಿನ ಪೋರ್ಚುಗೀಸರ ಕಾಲದ ಕಟ್ಟೆರಸ್ತೆ ನೋಡಿದರೆ ಗಾಳ ಹಾಕುವ ಆಸೆಯಾಗುತ್ತದೆ. ಆದರೆ ನಿಮ್ಮ ಹಿಂಬೀಸು ಹೋಗುವುದು ಬೈಕಿನವರ ಮುಖಕ್ಕೆ.

ನೀರು ಓದುವುದು

ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿಗೆ ಬರುವಷ್ಟರಲ್ಲಿ ಮಾಂಡವಿ. ಇಲ್ಲಿ ಹೊಳೆ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ. ಕೊಂಕಣಿಯಲ್ಲಿ ನೀರೇರಿದರೆ ಭರ್ತಿ, ಇಳಿದರೆ ಸುಕ್ತಿ. ನಾನು ಹೋಗುವುದು ಸುಕ್ತಿ ಶುರುವಾಗುವ ಹೊತ್ತಿಗೆ, ಅಳಿವೆಯಂಚಿನ ತಗ್ಗು ನೆಲದ ಖಾಜನ್ ಗದ್ದೆಗಳ ಬದಿಗೆ. ಉಪ್ಪುನೀರು ನುಗ್ಗದಂತೆ ಕಟ್ಟಿದ ಒಡ್ಡುಗಳಿಗೆ ಮಾನಸ್ ಎಂಬ ಮರದ ಬಾಗಿಲುಗಳಿವೆ. ಭರ್ತಿಯ ಒತ್ತಡಕ್ಕೆ ಮುಚ್ಚಿಕೊಳ್ಳುತ್ತವೆ, ಹೊರಗೆ ನೀರಿಳಿದಾಗ ತೆರೆದುಕೊಳ್ಳುತ್ತವೆ. ಗದ್ದೆಯ ನೀರಿನ ಜೊತೆ ಸೀಗಡಿ, ಮರಿಮೀನು ಹೊರಬರುತ್ತವೆ. ಮದುವೆಮನೆ ಬಾಗಿಲಲ್ಲಿ ಊಟದ ಕರೆಗೆ ಕಾದವರಂತೆ ಚೊಣಕ್ ಆಚೆ ನಿಂತಿರುತ್ತದೆ. ಆದರೆ ಮಾನಸ್ ಬಾಯಿಯ ಮೀನು ಹರಾಜಿನಲ್ಲಿ ಹಿಡಿದವರ ಹಕ್ಕು. ಅವರು ಬಲೆ ಕಟ್ಟಿರುತ್ತಾರೆ. ಕೇಳಿಕೊಂಡು, ಐವತ್ತು ಹೆಜ್ಜೆ ದೂರದಲ್ಲಿ ನಿಂತರೆ ಯಾರೂ ಬೇಡವೆನ್ನಲಿಲ್ಲ. ಕುಂಭಾರ್ಜುವಾ ಕಾಲುವೆಯಲ್ಲಿ ಮಾತ್ರ ನೀರಿಗೆ ಕಾಲಿಡಬೇಡಿ. ಅಲ್ಲಿ ಮೊಸಳೆಗಳಿವೆ.

ಫ್ಲೈ ಬಿದ್ದ ಮೇಲೆ ರಾಡಿನ ತುದಿ ನೀರಿಗೆ ತಾಗುವಂತಿರಲಿ. ಎಡಗೈಯಿಂದ ಲೈನನ್ನು ಗೇಣು ಗೇಣಾಗಿ ಎಳೆಯಿರಿ: ಎರಡು ಚುರುಕು, ಒಂದು ಬಿಡುವು. ಬಿಡುವಿನಲ್ಲಿ ಫ್ಲೈ ಮುಳುಗುತ್ತದೆ, ಮೀನು ಹೊಡೆಯುವುದು ಆಗಲೇ. ಹೊಡೆದಾಗ ರಾಡ್ ಎತ್ತಬೇಡಿ! ಚಿಕ್ಕಂದಿನಲ್ಲಿ ಕೆರೆಯಲ್ಲಿ ಬೆಂಡು ಮುಳುಗಿದೊಡನೆ ಕೋಲೆತ್ತಿದ ಕೈಗೆ ಇದು ಬಹಳ ಕಷ್ಟ. ನನ್ನ ಮೊದಲ ಮೂರು ಚೊಣಕ್ ಹೀಗೇ ಹೋದವು. ಎತ್ತಿದರೆ ಫ್ಲೈ ಬಾಯಿಂದ ಜಾರುತ್ತದೆ. ಎಡಗೈಯಲ್ಲೇ ಗಟ್ಟಿಯಾಗಿ ಎಳೆದು ಕೊಕ್ಕೆ ನೆಡಿ, ಆಮೇಲೆ ರಾಡ್ ಬಾಗಲಿ.

ಚೊಣಕ್ ಹುಟ್ಟುವಾಗ ಬಹುತೇಕ ಗಂಡು, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ತೋಳುದ್ದದ್ದು ಸಿಕ್ಕರೆ ಅದು ಮೊಟ್ಟೆ ಇಡುವ ತಾಯಿ ಎಂದೇ ತಿಳಿದು ನಾನು ಬಿಡುತ್ತೇನೆ. ನಡುಗಾತ್ರದ್ದು ಒಂದು ಮನೆಗೆ, ರವೆ ಹಚ್ಚಿ ತವೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್. ಆಗ ನಾನೂ ಮಳೆಯ ಬಂಡೆಗಳ ಮೇಲೆ ಕಾಲಿಡದೆ ಮನೆಯಲ್ಲಿ ಫ್ಲೈ ಕಟ್ಟುತ್ತೇನೆ.

ವಾಪಸ್ ಬಂದವರೇ, ಚಹಾಕ್ಕೂ ಮುಂಚೆ, ರಾಡ್, ರೀಲು, ಲೈನು ಮೂರನ್ನೂ ನಲ್ಲಿನೀರಲ್ಲಿ ತೊಳೆಯಿರಿ. ಜೋರು ಧಾರೆ ಬೇಡ, ಉಪ್ಪು ಇನ್ನೂ ಒಳಗೆ ಹೋಗುತ್ತದೆ. ರೀಲಿನಿಂದ ದಾರ ಓಡುವುದನ್ನು ತಡೆಯುವ ಬ್ರೇಕಿನ, ಅಂದರೆ ಡ್ರ್ಯಾಗಿನ, ತಿರುಪು ಸಡಿಲ ಬಿಡಿ. ಬಳಸಿದ ಫ್ಲೈಯನ್ನು ಹಸಿಯಾಗಿ ಡಬ್ಬಿಗೆ ಹಾಕಬೇಡಿ, ಕಿಟಕಿಯ ಸರಳಿಗೆ ಸಿಕ್ಕಿಸಿ ಒಣಗಿಸಿ. ಒಂದು ಹಸಿ ಕ್ಲೌಸರ್ ಸೇರಿಸಿಟ್ಟು ಊರಿಗೆ ಹೋಗಿದ್ದೆ. ಹಬ್ಬ ಮುಗಿಸಿ ಬಂದು ಮುಚ್ಚಳ ತೆರೆದರೆ ಹನ್ನೊಂದು ಫ್ಲೈಗೂ ತುಕ್ಕು.