ಎಚ್-ಆಲ್ಫಾ ಫಿಲ್ಟರ್ ಕೊಳ್ಳುವ ಮುಂಚೆ ಇಷ್ಟು ತಿಳ್ಕೊಂಡಿರಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ. ಎಚ್-ಆಲ್ಫಾ ಅಂದರೆ ಹೈಡ್ರೋಜನ್ ಹೊಮ್ಮಿಸುವ ಒಂದು ಕಡುಗೆಂಪು ಬೆಳಕು. ಆ ಬೆಳಕಿನಲ್ಲಿ ನೆಬ್ಯುಲಾ (ಆಕಾಶದ ಅನಿಲಮೋಡ) ಫೋಟೋ ತೆಗೆಯುವವರಿಗೆ ಮಾರುವ ಎಚ್-ಆಲ್ಫಾ ಫಿಲ್ಟರ್ ಬೇರೆ, ಸೂರ್ಯನನ್ನು ನೋಡುವ ಎಚ್-ಆಲ್ಫಾ ಫಿಲ್ಟರ್ ಬೇರೆ. ಹೆಸರು ಒಂದೇ, ಹುಡುಕಿದರೆ ಎರಡೂ ಪಕ್ಕಪಕ್ಕದಲ್ಲೇ ಬರುತ್ತವೆ. ಮೊದಲನೆಯದು ಎಷ್ಟೋ ಅಗ್ಗ. ಹಾಗಾಗಿ ‘ಇದೇ ಸಾಕಲ್ವಾ’ ಅನ್ನಿಸುತ್ತದೆ. ಸಾಲದು. ಅದನ್ನು ಹಾಕಿಕೊಂಡು ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ನಾನೇ. ನನ್ನ ಹತ್ತಿರ 7 ನ್ಯಾನೋಮೀಟರಿನ, ಅಂದರೆ ಅಷ್ಟು ಅಗಲದ ಬಣ್ಣದ ಪಟ್ಟಿಯನ್ನು ಮಾತ್ರ ಒಳಗೆ ಬಿಡುವ ನೆಬ್ಯುಲಾ ಫಿಲ್ಟರ್ ಇತ್ತು. ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಅದನ್ನು ಐಪೀಸಿಗೆ (ಕಣ್ಣಿಟ್ಟು ನೋಡುವ ಲೆನ್ಸಿಗೆ) ತಿರುಗಿಸಿ ಕೂರಿಸಿ, ಕೊಳವೆಯನ್ನು ಸೂರ್ಯನ ಕಡೆ ಹೊರಳಿಸುತ್ತಿದ್ದೆ. ಜೊತೆಗಿದ್ದ ಗೆಳೆಯ ಕೈ ಹಿಡಿದು, ‘ಏ ಮಾರಾಯ, ಕಣ್ಣು ಬೇಡ್ವೇನೋ ನಿಂಗೆ?’ ಅಂದ. ಆಮೇಲೆ ಕೂತು ಲೆಕ್ಕ ಹಾಕಿದೆವು. 7 ನ್ಯಾನೋಮೀಟರ್ ಅಂದರೆ 70 ಆಂಗ್‌ಸ್ಟ್ರಮ್. ಸೂರ್ಯನಿಗೆ ಬೇಕಾದದ್ದು ಒಂದು ಆಂಗ್‌ಸ್ಟ್ರಮ್‌ಗಿಂತ ಕಡಿಮೆ. ಕಿರಿದಾಗಿರುವುದಷ್ಟೇ ಅಲ್ಲ, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನೂ ತಡೆಯಬೇಕು. ನನ್ನ ಫಿಲ್ಟರನ್ನು ಆ ಕೆಲಸಕ್ಕೆ ಮಾಡಿಯೇ ಇರಲಿಲ್ಲ.

ಇನ್ನು ವಿಷಯಕ್ಕೆ ಬರೋಣ. ಟೆಲಿಸ್ಕೋಪಿನ ಬಾಯಿಗೆ ಬಿಳಿ ಬೆಳಕಿನ ಸೋಲಾರ್ ಫಿಲ್ಮ್ ಹಾಕಿದರೆ ಸೌರಕಲೆಗಳು, ಅಂದರೆ ಸೂರ್ಯನ ಮೇಲಿನ ಕಪ್ಪು ಚುಕ್ಕೆಗಳು ಚೆನ್ನಾಗಿಯೇ ಕಾಣುತ್ತವೆ, ಖರ್ಚೂ ಕಡಿಮೆ. ಅದಿಲ್ಲದವರು ಮೊದಲು ಅದನ್ನೇ ತಗೊಳ್ಳಿ. ಎಚ್-ಆಲ್ಫಾ ತೋರಿಸುವುದು ಸೌರಕಲೆಗಳಿರುವ ಪದರಕ್ಕಿಂತ ಮೇಲಿನ ಪದರ, ಕ್ರೋಮೋಸ್ಫಿಯರ್. ಹೈಡ್ರೋಜನ್ 656.28 ನ್ಯಾನೋಮೀಟರಿನಲ್ಲಿ ಹೊಮ್ಮಿಸುವ ಕಡುಗೆಂಪಿನಲ್ಲಿ ಮಾತ್ರ ನೋಡಿದಾಗ ಅಂಚಿನಲ್ಲಿ ಎದ್ದು ನಿಂತ ಬೆಂಕಿಯ ಗೋಪುರಗಳು ಅಂದರೆ ಪ್ರಾಮಿನೆನ್ಸ್‌ಗಳು, ಬಿಂಬದ ಮೇಲೆ ಕಪ್ಪು ದಾರದಂತೆ ಬಿದ್ದ ಫಿಲಮೆಂಟ್‌ಗಳು, ಅದೃಷ್ಟವಿದ್ದರೆ ಒಂದು ಫ್ಲೇರ್ (ದಿಢೀರ್ ಸ್ಫೋಟ) ಕೂಡ ಕಾಣುತ್ತವೆ. ಪ್ರಾಮಿನೆನ್ಸ್, ಫಿಲಮೆಂಟ್ ಎರಡೂ ಒಂದೇ ವಸ್ತು. ಹಿಂದೆ ಕಪ್ಪು ಆಕಾಶವಿದ್ದರೆ ಬೆಳಗುತ್ತದೆ, ಹಿಂದೆ ಸೂರ್ಯನೇ ಇದ್ದರೆ ಕಪ್ಪಾಗಿ ಕಾಣುತ್ತದೆ. 1868ರ ಆಗಸ್ಟ್ 18ರ ಗ್ರಹಣಕ್ಕೆ ಗುಂಟೂರಿಗೆ ಬಂದಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್, ಪ್ರಾಮಿನೆನ್ಸ್‌ಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಗೆರೆಗಳು ಎಷ್ಟು ಪ್ರಖರವಾಗಿವೆ ಅಂದರೆ ಗ್ರಹಣವೇ ಬೇಡ ಅಂದುಕೊಂಡು, ಮರುದಿನ ಬರೀ ಸ್ಪೆಕ್ಟ್ರೋಸ್ಕೋಪ್ (ಬೆಳಕನ್ನು ಹಾಗೆ ಬಿಡಿಸುವ ಉಪಕರಣ) ಇಟ್ಟುಕೊಂಡು ಅವನ್ನು ನೋಡಿಬಿಟ್ಟ. ನಾವು ತಾರಸಿಯಲ್ಲಿ ಮಾಡುವುದು ಅದನ್ನೇ, ಸ್ಪೆಕ್ಟ್ರೋಸ್ಕೋಪಿನ ಜಾಗದಲ್ಲಿ ಎಟಲಾನ್ ಇರುತ್ತದೆ ಅಷ್ಟೆ.

ಎಟಲಾನ್ ಅಂದರೆ ಎದುರುಬದುರು ಕೂತ ಎರಡು ಅತಿ ಸಪಾಟಾದ ಗಾಜು, ನಡುವೆ ಸಣ್ಣ ಸಂದು. ಬೆಳಕು ಅಲ್ಲಿ ಹಿಂದಕ್ಕೂ ಮುಂದಕ್ಕೂ ಬಡಿದಾಡಿ, ಆ ಸಂದಿಗೆ ಸರಿಹೊಂದುವ ಅಲೆಗಳು ಮಾತ್ರ ಆಚೆ ಬರುತ್ತವೆ. ತೊಂದರೆ ಏನಂದರೆ ಹೊಂದುವ ಅಲೆ ಒಂದೇ ಅಲ್ಲ. ಬಾಚಣಿಗೆಯ ಹಲ್ಲುಗಳ ಹಾಗೆ ಸುಮಾರು ಹತ್ತು ಆಂಗ್‌ಸ್ಟ್ರಮ್‌ಗೊಂದರಂತೆ ಸಾಲಾಗಿ ಬರುತ್ತವೆ. ಅವುಗಳಲ್ಲಿ 656.28ರ ಹಲ್ಲನ್ನು ಬಿಟ್ಟು ಉಳಿದದ್ದನ್ನು ಮುರಿಯೋದು ಬ್ಲಾಕಿಂಗ್ ಫಿಲ್ಟರ್. ಅದಕ್ಕೇ ಬರೀ ಎಟಲಾನ್ ಸಿಕ್ಕಿತು ಅಂತ ಯಾರಾದರೂ ಅರ್ಧ ಬೆಲೆಗೆ ಕೊಟ್ಟರೆ ಖುಷಿಪಡಬೇಡಿ. ಬ್ಲಾಕಿಂಗ್ ಫಿಲ್ಟರ್ ಇಲ್ಲದ ಎಟಲಾನಿನಲ್ಲಿ ಸೂರ್ಯನನ್ನು ನೋಡುವಂತಿಲ್ಲ. ಒಂದು ಕಂಪನಿಯ ತುಂಡು, ಇನ್ನೊಂದು ಕಂಪನಿಯ ತುಂಡು ಸೇರಿಸಿ ಜೋಡಿಸೋದು ಪಳಗಿದವರ ಕೆಲಸ. ಮೊದಲ ಸಲ ಕೊಳ್ಳುವವರು ಇಡೀ ಸೆಟ್ಟನ್ನೇ ತಗೊಳ್ಳಿ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಆಂಗ್‌ಸ್ಟ್ರಮ್?’ ನನ್ನ ಪ್ರಕಾರ ಇದು ಮೊದಲ ಪ್ರಶ್ನೆ ಆಗಬಾರದು, ಆದರೂ ಹೇಳುತ್ತೇನೆ. ಪ್ರಾಮಿನೆನ್ಸ್ ಮಾತ್ರ ಸಾಕು ಅನ್ನುವವರಿಗೆ 1 ಆಂಗ್‌ಸ್ಟ್ರಮ್ ಆಸುಪಾಸು ಧಾರಾಳ. ಬಿಂಬದ ಮೇಲಿನ ವಿವರ ಬೇಕಂದರೆ 0.7 ಅಥವಾ ಅದಕ್ಕಿಂತ ಕಿರಿದು ಬೇಕು. 0.5ಕ್ಕೆ ಇಳಿದರೆ ಫಿಲಮೆಂಟ್‌ಗಳು, ಸೌರಕಲೆಯ ಸುತ್ತ ಸುಳಿಯಂತೆ ಸುತ್ತಿದ ನಾರುಗಳು ಎದ್ದು ಕಾಣುತ್ತವೆ. ಒಂದರ ಮೇಲೊಂದು ಎರಡು ಎಟಲಾನ್ ಹಾಕುವುದಕ್ಕೆ ಡಬಲ್ ಸ್ಟ್ಯಾಕ್ ಅನ್ನುತ್ತಾರೆ, 0.7ರ ಎರಡು ಸೇರಿದರೆ ಸುಮಾರು 0.5 ಆಗುತ್ತದೆ. ಚಿತ್ರ ಮಂಕಾಗುತ್ತದೆ, ಪ್ರಾಮಿನೆನ್ಸ್‌ಗಳೂ ಸ್ವಲ್ಪ ಸಪ್ಪೆಯಾಗುತ್ತವೆ, ಬಿಂಬ ಮಾತ್ರ ಬೇರೆಯೇ ಸೂರ್ಯನೇನೋ ಅನ್ನುವಷ್ಟು ಬದಲಾಗುತ್ತದೆ. ಗುರುತು ಹಿಡಿಯೋದು ಸುಲಭ. ಒಂದೇ ಎಟಲಾನ್ ಇದ್ದಾಗ ಅಂಚನ್ನು ದಿಟ್ಟಿಸಿ ನೋಡಿದರೆ ಅಂಚಿನೊಳಗೆ ಇನ್ನೊಂದು ಅಂಚು ಕಾಣುತ್ತದೆ, ಕೆಳಗಿನ ಪದರದ ಬೆಳಕು ಸೋರಿ ಬರುತ್ತಿರುತ್ತದೆ. ಡಬಲ್ ಸ್ಟ್ಯಾಕ್ ಹಾಕಿದ ಕೂಡಲೇ ಆ ಒಳ ಅಂಚು ಮಾಯ.

ಹಾಗಾದರೆ ಮೊದಲ ಪ್ರಶ್ನೆ ಯಾವುದು? ಎಟಲಾನ್ ಎಲ್ಲಿ ಕೂರುತ್ತದೆ ಅನ್ನೋದು. ಎಟಲಾನಿಗೆ ಬೆಳಕು ನೇರವಾಗಿ ಬಂದಷ್ಟೂ ಒಳ್ಳೆಯದು. ಓರೆಯಾಗಿ ಬಂದರೆ ಅದು ಬಿಡುವ ಅಲೆ ನೀಲಿಯ ಕಡೆ ಜಾರುತ್ತದೆ. ಡಬ್ಬದ ಮೇಲೆ 0.5 ಅಂತ ಬರೆದಿದ್ದರೂ ಓರೆ ಕಿರಣಗಳು ಸೇರಿಕೊಂಡರೆ ನಿಮಗೆ ಸಿಗೋದು 0.5 ಅಲ್ಲ.

ಟೆಲಿಸ್ಕೋಪಿನ ಬಾಯಿಗೇ ಹಾಕುವ ಎಟಲಾನ್ ಇದರಲ್ಲಿ ಎಲ್ಲಕ್ಕಿಂತ ಚೆನ್ನ. ಕಿರಣಗಳು ಅಲ್ಲಿ ನೇರವಾಗಿಯೇ ಬರುತ್ತವೆ, ಇಡೀ ಬಿಂಬ ಒಂದೇ ಸಮನಾಗಿ ಕಾಣುತ್ತದೆ. ಆದರೆ ಅಗಲ ಹೆಚ್ಚಿದಂತೆ ಬೆಲೆ ಗಗನಕ್ಕೇರುತ್ತದೆ, 40 ಅಥವಾ 60 ಮಿ.ಮೀ. ದಾಟಿದರೆ ನಮ್ಮಂಥವರ ಕೈಗೆಟುಕುವುದಿಲ್ಲ. ಎರಡನೆಯ ಬಗೆ ಕೊಳವೆಯ ಒಳಗೇ ಇರುವುದು. ಸೋಲಾರ್ ಟೆಲಿಸ್ಕೋಪ್ ಅಂತಲೇ ತಯಾರಾದ ಕರೋನಾಡೋ ಪಿಎಸ್‌ಟಿ, ಲಂಟ್ ಕಂಪನಿಯ ಹಲವು ಮಾಡೆಲ್‌ಗಳು ಹೀಗಿವೆ. ಒಳಗಿನ ಲೆನ್ಸುಗಳು ಕಿರಣವನ್ನು ನೇರ ಮಾಡಿ ಸಣ್ಣ ಎಟಲಾನಿಗೆ ಕಳಿಸುತ್ತವೆ. ಬೆಲೆ ಇಳಿಯುತ್ತದೆ, ಬದಲಿಗೆ ಬಿಂಬದ ಒಂದು ಭಾಗ ಚುರುಕಾಗಿಯೂ ಇನ್ನೊಂದು ಭಾಗ ಸ್ವಲ್ಪ ಸಪ್ಪೆಯಾಗಿಯೂ ಕಾಣಬಹುದು. ಪ್ರಾಮಿನೆನ್ಸನ್ನು ಆ ಚುರುಕು ಜಾಗಕ್ಕೆ ತಂದುಕೊಂಡು ನೋಡುವುದು ಒಂದೆರಡು ದಿನದಲ್ಲಿ ಕೈಗೆ ರೂಢಿಯಾಗುತ್ತದೆ.

ಮೂರನೆಯದು ಐಪೀಸಿನ ಕಡೆ ಕೂರುವುದು, ಡೇಸ್ಟಾರ್ ಕ್ವಾರ್ಕ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇದರ ಎಟಲಾನಿನಲ್ಲಿ ಗಾಳಿಯ ಸಂದಿನ ಬದಲು ಅಭ್ರಕದ ತೆಳು ಹಾಳೆ. ಒಳಗೆ ಫೋಕಲ್ ಲೆಂತನ್ನು (ಲೆನ್ಸಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 4.3 ಪಟ್ಟು ಹಿಗ್ಗಿಸುವ ಟೆಲಿಸೆಂಟ್ರಿಕ್ ಬಾರ್ಲೋ ಲೆನ್ಸು ಇರುವುದರಿಂದ ಎಫ್/7, ಅಂದರೆ ಫೋಕಲ್ ಲೆಂತ್ ಬಾಯಿಯ ಅಗಲದ 7 ಪಟ್ಟಿರುವ ಟೆಲಿಸ್ಕೋಪು ಎಫ್/30 ಆಗುತ್ತದೆ, ಕಿರಣಗಳು ನೇರವಾಗುತ್ತವೆ. ಮನೆಯಲ್ಲಿ ಈಗಾಗಲೇ 80 ಮಿ.ಮೀ. ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಇರುವವರಿಗೆ ಇದು ದೊಡ್ಡ ಆಕರ್ಷಣೆ. ಕೊಳ್ಳುವ ಮುಂಚೆ ಲೆಕ್ಕ ಮಾಡಬೇಕಾದದ್ದು ಒಂದಿದೆ. ಸೂರ್ಯನ ಬಿಂಬದ ಅಗಲ ಬೇಕಂದರೆ ಫೋಕಲ್ ಲೆಂತನ್ನು 110ರಿಂದ ಭಾಗಿಸಿ. 600 ಮಿ.ಮೀ. ಟೆಲಿಸ್ಕೋಪು 4.3 ಪಟ್ಟಾದರೆ 2580, ಬಿಂಬ 23 ಮಿ.ಮೀ. ದಾಟಿತು. ಅಷ್ಟು ದೊಡ್ಡ ಬಿಂಬ ಫಿಲ್ಟರಿನೊಳಗಿನಿಂದ ಪೂರ್ತಿ ಹೊರಬರುವುದಿಲ್ಲ, ಪೂರ್ಣ ಸೂರ್ಯ ಒಂದೇ ನೋಟಕ್ಕೆ ಸಿಗುವುದಿಲ್ಲ. ಪೂರ್ಣ ಬಿಂಬ ಬೇಕಿದ್ದರೆ 400 ಆಸುಪಾಸಿನ ಗಿಡ್ಡ ಟೆಲಿಸ್ಕೋಪ್ ಬೇಕು. ಮನೆಗೆ ಬಂದ ನೆಂಟರಿಗೆ, ಮಕ್ಕಳಿಗೆ ತೋರಿಸುವಾಗ ಪೂರ್ಣ ಬಿಂಬವೇ ಚೆಂದ ಅನ್ನೋದು ನನ್ನ ಅನುಭವ.

ಈ ಬಗೆಯಲ್ಲಿ ಇನ್ನೊಂದು ಎಚ್ಚರ. ಸೂರ್ಯನ ಪೂರ್ತಿ ಶಾಖ ಕೊಳವೆಯೊಳಗೆ ಬರುತ್ತದೆ. ಸಣ್ಣ ರಿಫ್ರಾಕ್ಟರಿಗೆ ನಡೆಯುತ್ತದೆ, ಅಗಲ ಹೆಚ್ಚಾದರೆ ಮುಂದೆ ಶಾಖ ತಡೆಯುವ ಫಿಲ್ಟರ್ ಹಾಕಬೇಕು. ಎಷ್ಟು ಅಗಲಕ್ಕೆ ಏನು ಅನ್ನೋದು ತಯಾರಕರ ಪುಸ್ತಿಕೆಯಲ್ಲಿರುತ್ತದೆ, ಅದನ್ನು ಅಕ್ಷರಶಃ ಪಾಲಿಸಿ. ಕನ್ನಡಿ ಟೆಲಿಸ್ಕೋಪಿಗೆ ಸುಮ್ನೆ ಹಿಂದಿನಿಂದ ಸಿಕ್ಕಿಸಿ ನೋಡುವ ಸಾಹಸ ಬೇಡವೇ ಬೇಡ.

ಬ್ಲಾಕಿಂಗ್ ಫಿಲ್ಟರಿನ ಅಗಲಕ್ಕೂ ಅದೇ 110ರ ಲೆಕ್ಕ. ಇವುಗಳ ಹೆಸರಿನಲ್ಲೇ ಅಗಲ ಇರುತ್ತದೆ: ಬಿಎಫ್5, ಬಿಎಫ್10 ಅಂದರೆ 5 ಮತ್ತು 10 ಮಿ.ಮೀ.; ಬಿ600, ಬಿ1200 ಅಂದರೆ 6 ಮತ್ತು 12. 400 ಮಿ.ಮೀ. ಟೆಲಿಸ್ಕೋಪಿನಲ್ಲಿ ಬಿಂಬ 3.6, ಅದಕ್ಕೆ 5 ಸಾಕು. 800ರಲ್ಲಿ 7.3, ಅಲ್ಲಿ 5 ಹಾಕಿದರೆ ಸೂರ್ಯನ ಅಂಚು ಕತ್ತರಿಸಿ ಹೋಗುತ್ತದೆ, ಪ್ರಾಮಿನೆನ್ಸ್‌ಗಳಿರೋದೇ ಅಂಚಿನಲ್ಲಿ. ಅಂಗಡಿಯವರು ಕಡಿಮೆ ಬೆಲೆ ತೋರಿಸಲು ಚಿಕ್ಕ ಫಿಲ್ಟರಿನ ಸೆಟ್ಟನ್ನೇ ಮುಂದಿಡುವುದುಂಟು, ನೋಡಿಕೊಳ್ಳಿ.

ಟೆಲಿಸ್ಕೋಪಿನ ಬಾಯಿಯ ಅಗಲ ಎಷ್ಟು ಬೇಕು? 40 ಮಿ.ಮೀ. ಈ ಕೆಂಪು ಬೆಳಕಿನಲ್ಲಿ ಸುಮಾರು 4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲೊಂದು ಭಾಗ ಒಂದು ಆರ್ಕ್‌ಸೆಕೆಂಡ್) ವಿವರ ತೋರಿಸುತ್ತದೆ, 60 ಆದರೆ 2.8, 100 ಆದರೆ 1.7. ಸೂರ್ಯನಷ್ಟು ದೂರದಲ್ಲಿ ನಮ್ಮ ಭೂಮಿಯನ್ನಿಟ್ಟರೆ ಅದು ಹದಿನೇಳೂವರೆ ಆರ್ಕ್‌ಸೆಕೆಂಡ್ ಕಾಣುತ್ತದೆ, ಅಂದರೆ ಪುಟ್ಟ 40ರಲ್ಲೂ ಭೂಮಿಯ ಕಾಲುಭಾಗದಷ್ಟು ವಿವರ ಸಿಕ್ಕಂತಾಯಿತು. ಹಗಲಲ್ಲಿ ಸಿಮೆಂಟಿನ ತಾರಸಿಯ ಮೇಲೆ ಕುದಿಯುವ ಗಾಳಿ 2 ಆರ್ಕ್‌ಸೆಕೆಂಡಿಗಿಂತ ಚೆನ್ನಾಗಿ ನೋಡಲು ಬಿಡುವುದು ಅಪರೂಪ. ಹಾಗಾಗಿ ಊರೊಳಗೆ ಇರುವವರಿಗೆ 60ರಿಂದ 80 ಸರಿಯಾದ ಜಾಗ. ತಾರಸಿ ಕಾಯುವ ಮುಂಚೆ, ಎಂಟರಿಂದ ಹತ್ತರೊಳಗೆ ನೋಡಿ ಮುಗಿಸಿ.

ಈಗ ಟ್ಯೂನಿಂಗ್. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ನಮ್ಮ ಕಡೆಯವರಿಗೆ ಇದು ಮುಖ್ಯ. ಗಾಳಿಸಂದಿನ ಎಟಲಾನನ್ನು ಸ್ವಲ್ಪ ಓರೆ ಮಾಡಿಯೋ, ಒಳಗಿನ ಗಾಳಿಯ ಒತ್ತಡ ಬದಲಿಸಿಯೋ ಸರಿಯಾದ ಅಲೆಗೆ ತರುತ್ತಾರೆ. ಓರೆ ಮಾಡಿದರೆ ಅದು ನೀಲಿಯ ಕಡೆಗೆ ಮಾತ್ರ ಹೋಗುತ್ತದೆ, ಕೆಂಪಿನ ಕಡೆ ಬರುವುದಿಲ್ಲ. ಎತ್ತರದ ಊರಲ್ಲಿ ಗಾಳಿ ತೆಳು, ಎಟಲಾನ್ ತಾನಾಗಿಯೇ ನೀಲಿಯ ಕಡೆ ಜಾರಿರುತ್ತದೆ. ಮಂಗಳೂರಿನ ಕಡಲದಂಡೆಗೆ ಹೋಲಿಸಿದರೆ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 0.2 ಆಂಗ್‌ಸ್ಟ್ರಮ್, 2300 ಮೀಟರ್ ದಾಟಿದ ಕೊಡೈಕನಾಲ್‌ನಲ್ಲಿ 0.4ಕ್ಕೂ ಹೆಚ್ಚು. 0.7ರ ಫಿಲ್ಟರಿಗೆ ಇದೇನು ಸಣ್ಣ ಮಾತಲ್ಲ. ಬೆಟ್ಟಗಿಟ್ಟ ಹತ್ತಿ ನೋಡುವ ಹವ್ಯಾಸ ಇದ್ದರೆ ಒತ್ತಡದಿಂದ ಟ್ಯೂನ್ ಮಾಡುವುದನ್ನು ತಗೊಳ್ಳಿ. ಅಭ್ರಕದ್ದಕ್ಕೆ ಈ ರಗಳೆ ಇಲ್ಲ, ಅದನ್ನು ಬಿಸಿ ಮಾಡಿ ಟ್ಯೂನ್ ಮಾಡುತ್ತಾರೆ. ಆದರೆ ಪವರ್ ಬ್ಯಾಂಕ್ ಬೇಕು, ಗುಂಡಿ ತಿರುಗಿಸಿದ ಮೇಲೆ ಐದು ಹತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಮೋಡ ಬರುತ್ತದೆ, ಅದು ಗ್ಯಾರಂಟಿ.

ಟ್ಯೂನ್ ಸರಿ ಇದೆಯಾ ಅಂತ ಗೊತ್ತಾಗುವುದು ಹೇಗೆ? ಗಾಂಗ್ ಅನ್ನುವ ಆರು ಕೇಂದ್ರಗಳ ಜಾಲ ಎಚ್-ಆಲ್ಫಾ ಚಿತ್ರಗಳನ್ನು ದಿನವಿಡೀ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಾಕುತ್ತಿರುತ್ತದೆ. ಅದರಲ್ಲೊಂದು ನಮ್ಮ ಉದಯಪುರದ್ದು. ಫೋನಿನಲ್ಲಿ ಆ ದಿನದ ಚಿತ್ರ ತೆರೆದಿಟ್ಟುಕೊಂಡು, ಅದರಲ್ಲಿ ಕಾಣುವ ಒಂದು ಫಿಲಮೆಂಟ್ ಆರಿಸಿ, ಐಪೀಸಿನಲ್ಲಿ ಅದು ಅತಿ ಕಪ್ಪಾಗುವವರೆಗೆ ನಿಧಾನ ತಿರುಗಿಸಿ. ಚಿತ್ರ ತಲೆಕೆಳಗಾಗಿಯೋ ಎಡಬಲ ಅದಲುಬದಲಾಗಿಯೋ ಇರಬಹುದು, ಗಾಬರಿ ಬೇಡ. ತಲೆಯ ಮೇಲೆ ಒಂದು ಕರಿ ಬಟ್ಟೆ ಹೊದ್ದುಕೊಳ್ಳಿ. ಪಕ್ಕದ ಮನೆಯವರು ನಗುತ್ತಾರೆ, ನಗಲಿ. ಹೊರಗಿನ ಬೆಳಕು ತಪ್ಪಿದ ಮೇಲೆ ಕಾಣುವ ವಿವರ ದುಪ್ಪಟ್ಟು. ಫೈಂಡರ್ ಸ್ಕೋಪ್ (ಗುರಿ ಹಿಡಿಯುವ ಸಣ್ಣ ದುರ್ಬೀನು) ಇದ್ದರೆ ಬಿಚ್ಚಿಡಿ, ಅದಕ್ಕೆ ಫಿಲ್ಟರ್ ಇರುವುದಿಲ್ಲ, ಮುಚ್ಚಳ ಹಾಕಿದರೆ ಮಕ್ಕಳು ತೆಗೆಯುತ್ತಾರೆ.

ಫೋಟೋ ತೆಗೆಯುವವರಿಗೆ ಎರಡೇ ಮಾತು. ಕಪ್ಪುಬಿಳುಪು ಕ್ಯಾಮೆರಾನೇ ಬೇಕು, ಬಣ್ಣದ ಕ್ಯಾಮೆರಾದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಮಾತ್ರ ಈ ಕೆಂಪನ್ನು ಹಿಡಿಯುತ್ತದೆ. ಚಿತ್ರದ ಮೇಲೆ ಪಟ್ಟೆಪಟ್ಟೆಯಾಗಿ ಅಲೆ ಕಂಡರೆ ಫಿಲ್ಟರ್ ಕೆಟ್ಟಿಲ್ಲ, ಕ್ಯಾಮೆರಾವನ್ನು ಕೂದಲೆಳೆಯಷ್ಟು ಓರೆ ಮಾಡುವ ಟಿಲ್ಟ್ ಅಡಾಪ್ಟರ್ ಹಾಕಿದರೆ ಹೋಗುತ್ತದೆ.

ಹೊರದೇಶದಿಂದ ತರಿಸುವಾಗ ಪಟ್ಟಿಯ ಬೆಲೆಗೆ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. ಕೆಟ್ಟರೆ ಅಷ್ಟೇ ದೂರ ವಾಪಸ್ ಕಳಿಸಬೇಕು ಅನ್ನೋದೂ ನೆನಪಿರಲಿ. ಅದಕ್ಕೇ ಅನೇಕರು ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ, ನಾನೂ ಹುಡುಕಿದೆ. ಬೇರೆ ಊರಿನವರೊಬ್ಬರಿಂದ ಒಂದು 40 ಮಿ.ಮೀ. ತರಿಸಿಕೊಂಡೆ. ಹೊರಗೆ ಒಂದು ಗೀರೂ ಇಲ್ಲ. ಸೂರ್ಯ ಮಾತ್ರ ಮಂಜು ಮುಸುಕಿದ ಹಾಗೆ, ಪ್ರಾಮಿನೆನ್ಸ್‌ನ ಸುಳಿವೇ ಇಲ್ಲ. ಟ್ಯೂನಿಂಗ್ ಬರಲ್ಲ ನನಗೆ ಅಂತ ಒಂದು ತಿಂಗಳು ನನ್ನನ್ನೇ ಬೈದುಕೊಂಡೆ. ಕೊನೆಗೆ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ ಒಳಗಿನ ಉಗುರಿನಷ್ಟಗಲದ ಫಿಲ್ಟರ್ ಗಾಜಿನ ಮೇಲೆ ಯಾರೋ ಬಾಯಿಂದ ಉಸಿರು ಊದಿದಂತೆ ಬಿಳಿ ಪೊರೆ ಕಟ್ಟಿತ್ತು, ಒರೆಸಿದರೆ ಹೋಗದ ಪೊರೆ. ತೇವ ಹೀರಿ ಲೇಪ ಹಾಳಾಗಿತ್ತು. ಆದ್ದರಿಂದ ಹಳೆಯದು ಕೊಳ್ಳುವಾಗ ಬ್ಲಾಕಿಂಗ್ ಫಿಲ್ಟರಿನ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ತೆಗೆದ ಫೋಟೋ ಕೇಳಿ, ಸಾಧ್ಯವಾದರೆ ಬಿಸಿಲಲ್ಲಿ ನೀವೇ ಹೋಗಿ ನೋಡಿ. ಫಿಲ್ಟರಿನಲ್ಲಿ ಸೂಜಿತೂತು, ಸುಲಿದ ಲೇಪ ಕಂಡರೆ ಕಣ್ಣು ಇಡಲೇಬೇಡಿ.

ನಮ್ಮ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ತೇವ ಈ ಗಾಜುಗಳ ಶತ್ರು. ಮಳೆ ಶುರುವಾದ ಕೂಡಲೇ ಬ್ಲಾಕಿಂಗ್ ಫಿಲ್ಟರನ್ನು ಬಿಚ್ಚಿ, ಗಾಳಿಯಾಡದ ಡಬ್ಬಕ್ಕೆ ನೀಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ಕಾಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ನೀಲಿ ಮಾಡಿ, ತಣಿಸಿ ಮತ್ತೆ ಡಬ್ಬಕ್ಕೆ ಹಾಕಿ. ಬಾಣಲೆ ಮಾತ್ರ ಅಡುಗೆಯದ್ದಾಗದಿರಲಿ.